ಬಾಗಿಲು ತೆರೆಯುವವರ ಹೊಣೆ

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ 85ನೆಯ ಅಧಿವೇಶನವು 2020ರ ಫೆಬ್ರವರಿ ಮೊದಲ ವಾರದಲ್ಲಿ ಕಲಬುರಗಿಯಲ್ಲಿ ನೆರವೇರಿತು. 86ನೆಯದು ಹಾವೇರಿಯಲ್ಲಿ ನಡೆದದ್ದು 2023ರ ಜನವರಿಯಲ್ಲಿ. ಇವೆರಡರ ನಡುವೆ ಹೆಚ್ಚು ಕಡಿಮೆ ಮೂರು ವರ್ಷಗಳ ಅಂತರವಿದೆ. ಕೋವಿಡ್ ಮಹಾಮಾರಿ ನಮ್ಮ ಸಾಮೂಹಿಕ ಬದುಕಿನಿಂದ ಕಸಿದುಕೊಂಡದ್ದೇನು ಎಂಬುದಕ್ಕೆ ಈ ಅಂತರವೇ ಸಾಕ್ಷಿ. ಕರ್ನಾಟಕದ ಒಳಗಿರುವವರಿಗೆ ಸಮ್ಮೇಳನವಿಲ್ಲದ ವರ್ಷವೆಂದರೆ ಹಬ್ಬವಿಲ್ಲದ ವರ್ಷ. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರಿಗೆ ಸಭೆಯಿಲ್ಲದ ವರ್ಷದ ಅರ್ಥವೇ ಬೇರೆ. ಇಲ್ಲಿ ಕಚೇರಿಯ ಭಾಷೆ ಮರಾಠಿ. ಪೇಟೆಯಲ್ಲಿ ಮರಾಠಿ, ತೆಲುಗು, ಹಿಂದಿಗಳೆಲ್ಲ ಕಿವಿಗೆ ಬೀಳುತ್ತವೆ. ಕನ್ನಡ ಮನೆಯಲ್ಲಿದೆ, ಕೆಲವು ಶಾಲೆಗಳಲ್ಲಿದೆ, ಆಮೇಲೆ ಸಂಘದ ಸಭೆಯಲ್ಲಿದೆ. 1950ರಲ್ಲಿ ಸಾಹಿತ್ಯ ಸಮ್ಮೇಳನಕ್ಕೆ ಆತಿಥ್ಯ ನೀಡಿದ ಊರು ನಮ್ಮ ಸೊಲ್ಲಾಪುರ. ಇಲ್ಲಿ ಸಭಾಂಗಣಕ್ಕೆ ಬೀಗ ಬಿದ್ದಿತೆಂದರೆ ನಾಲ್ಕು ಜನರ ನಡುವೆ ತಲೆಯೆತ್ತಿ ಕನ್ನಡ ಮಾತನಾಡುವ ತಾಣವೊಂದು ಇಲ್ಲವಾಯಿತೆಂದೇ ಅರ್ಥ.

ಆದ್ದರಿಂದ ರೋಗ ಪೂರ್ತಿ ಹೋಗಿಲ್ಲ, ಆದರೆ ಇಳಿಮುಖವಾಗಿದೆ ಎನ್ನುವಂತಹ ಕಾಲದಲ್ಲಿ ಸಭಾಂಗಣದ ಬಾಗಿಲನ್ನು ಯಾರು, ಯಾವ ನಿಬಂಧನೆಯ ಮೇಲೆ ತೆರೆಯಬೇಕು ಎಂಬ ಪ್ರಶ್ನೆಯನ್ನು ನಾವು ವೈದ್ಯರಿಗೂ ಜಿಲ್ಲಾಧಿಕಾರಿಗಳಿಗೂ ಒಪ್ಪಿಸಿ ಸುಮ್ಮನಿರಲಾಗದು. ಎಷ್ಟು ಅಡಿ ಅಂತರ, ಎಷ್ಟು ಕುರ್ಚಿ ಎಂಬುದನ್ನು ಅವರು ಹೇಳಬಲ್ಲರು. ಕರೆದವನಿಗೆ ಬಂದವನ ವಿಷಯದಲ್ಲಿ ಇರುವ ಋಣವೆಷ್ಟು ಎಂಬುದನ್ನು ಕರೆದವನೇ ಯೋಚಿಸಬೇಕು. ಅದು ಧರ್ಮದ ಪ್ರಶ್ನೆ.

ಆ ಕಾಲದಲ್ಲಿ ಸರಕಾರ ಕೊಟ್ಟ ಉತ್ತರ ಸಂಖ್ಯೆಯ ರೂಪದಲ್ಲಿತ್ತು. ಕೇಂದ್ರದ ಆದೇಶದಂತೆ 2020ರ ಸೆಪ್ಟೆಂಬರ್ 21ರಿಂದ ಗರಿಷ್ಠ 100 ಜನರ ಸಭೆ, ಸಮಾರಂಭಗಳಿಗೆ ಅವಕಾಶ ದೊರೆಯಿತು. ಅಕ್ಟೋಬರ್ ನಡುವಿನ ಹೊತ್ತಿಗೆ ಮುಚ್ಚಿದ ಸಭಾಂಗಣಗಳಲ್ಲಿ ಅರ್ಧದಷ್ಟು ಆಸನ, ಆದರೆ 200 ಜನರನ್ನು ಮೀರುವಂತಿಲ್ಲ ಎಂದಾಯಿತು. ಮಹಾರಾಷ್ಟ್ರದಲ್ಲಿ ನಾಟ್ಯಗೃಹಗಳು ಅರ್ಧ ಆಸನಗಳೊಂದಿಗೆ ತೆರೆದದ್ದು ಅದೇ ನವೆಂಬರ್ 5ರಂದು. ಎರಡನೆಯ ಅಲೆಯಲ್ಲಿ ಅವು ಮತ್ತೆ ಮುಚ್ಚಿ, 2021ರ ಅಕ್ಟೋಬರ್ 22ರಂದು ಪುನಃ ತೆರೆದವು. ಈ ಸಂಖ್ಯೆಗಳು ಅಗತ್ಯವಾಗಿದ್ದವು. ಆದರೆ ಕಾನೂನು ಹೇಳುವುದು ದಾಟಬಾರದ ಗೆರೆಯನ್ನು ಮಾತ್ರ. ಗೆರೆಯ ಒಳಗೆ ನಿಂತವನು ಹೇಗೆ ನಡೆದುಕೊಳ್ಳಬೇಕೆಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಅನುಮತಿಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಹೊಣೆ ತೀರಿತೆಂದು ತಿಳಿಯುವುದು ಪ್ರಮಾದ.

ಇದನ್ನು ಮನಗಾಣಿಸುವ ಒಂದು ಘಟನೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ನಡೆಯಿತು. 2020ರ ಮಾರ್ಚ್ 10ರ ಸಂಜೆ ಅಲ್ಲಿಯ ವೃಂದಗಾನದ ತಂಡವೊಂದು ಅಭ್ಯಾಸಕ್ಕೆ ಸೇರಿತ್ತು. ಬಂದವರು 61 ಜನ. ಕೂಡಿದ್ದುದು ಎರಡೂವರೆ ಗಂಟೆ. ಅವರಲ್ಲಿ 53 ಜನರಿಗೆ ಸೋಂಕು ತಗುಲಿತೆಂದು ಮುಂದಿನ ತನಿಖೆಯಿಂದ ತಿಳಿದುಬಂತು. 33 ಪ್ರಕರಣಗಳು ಪರೀಕ್ಷೆಯಿಂದ ಖಚಿತವಾದರೆ ಉಳಿದವು ಲಕ್ಷಣಗಳಿಂದ ಗುರುತಾದವು. ಇಬ್ಬರು ಮಡಿದರು. ಆ ಸಂಜೆ ಅವರು ಯಾವ ನಿಷೇಧವನ್ನೂ ಮೀರಿರಲಿಲ್ಲ. ಯಾರಿಗೂ ಯಾರ ಮೇಲೂ ದ್ವೇಷವಿರಲಿಲ್ಲ. ಹಾಡಬೇಕೆಂಬ ಒಂದೇ ಆಸೆಯಿಂದ ಬಂದವರು ಅವರು. ಸದುದ್ದೇಶವೂ ಸರಕಾರದ ಸಮ್ಮತಿಯೂ ಸೇರಿದರೂ ಮುಚ್ಚಿದ ಕೋಣೆಯ ಗಾಳಿ ಶುದ್ಧವಾಗುವುದಿಲ್ಲ ಎಂಬ ಕಠೋರ ಸತ್ಯವನ್ನು ಈ ಘಟನೆ ಸಾರುತ್ತದೆ. ಭಜನೆ, ಗೀತಗಾಯನ, ನಾಟಕ, ಭಾಷಣ ಇವುಗಳಿಂದಲೇ ತುಂಬಿದ ನಮ್ಮ ಕಾರ್ಯಕ್ರಮಗಳಿಗೆ ಇದು ದೂರದ ದೇಶದ ಕಥೆಯಲ್ಲ.

ಇಲ್ಲಿ ಒಂದು ವಾದ ಎದುರಾಗುತ್ತದೆ. 'ನನ್ನ ಜೀವ, ನನ್ನ ಇಚ್ಛೆ. ಎಪ್ಪತ್ತೈದು ವರ್ಷ ಬದುಕಿದ್ದೇನೆ. ಇನ್ನು ಮನೆಯಲ್ಲಿ ಕೂತು ಏನು ಮಾಡಲಿ? ಸಭೆಗೆ ಬಂದು ಸತ್ತರೂ ಸರಿ' ಎನ್ನುವ ಹಿರಿಯರು ಎಲ್ಲ ಸಂಘಗಳಲ್ಲಿಯೂ ಇದ್ದಾರೆ. ಈ ಮಾತಿನಲ್ಲಿರುವ ಧೈರ್ಯಕ್ಕೂ ಪ್ರೀತಿಗೂ ನಮಿಸಲೇಬೇಕು. ಆದರೆ ಅಂಟುರೋಗದ ವಿಷಯದಲ್ಲಿ ಈ ವಾದ ಅರ್ಧ ದಾರಿಯಲ್ಲಿಯೇ ನಿಲ್ಲುತ್ತದೆ. ಒಬ್ಬನೇ ಬಂಡೆ ಹತ್ತುವವನು ತನ್ನ ಅಪಾಯವನ್ನು ತಾನೇ ಹೊರುತ್ತಾನೆ. ಸೋಂಕನ್ನು ಹೊತ್ತವನು ಅದನ್ನು ತನ್ನಲ್ಲೇ ಇಟ್ಟುಕೊಳ್ಳಲಾರ. ಸಭೆಗೆ ಬಾರದ ಅವನ ಹೆಂಡತಿ, ಮರುದಿನ ಕುರ್ಚಿ ಜೋಡಿಸಿ ಕಸ ಗುಡಿಸುವ ಹೆಣ್ಣುಮಗಳು, ಆಕೆಯ ಮನೆಯಲ್ಲಿ ಬೀಡಿ ಕಟ್ಟುತ್ತ ಕುಳಿತ ವೃದ್ಧ ತಾಯಿ, ಇವರಾರೂ ಒಪ್ಪಿಗೆ ಕೊಟ್ಟವರಲ್ಲ. ಅವರನ್ನು ಯಾರೂ ಕೇಳಿಯೂ ಇಲ್ಲ. ನಮ್ಮ ಇಚ್ಛೆಗೆ ನಾವು ತೆರುವ ಬೆಲೆಯನ್ನು ಇನ್ನೊಬ್ಬರ ಜೇಬಿನಿಂದ ತೆಗೆದುಕೊಡುವುದು ತ್ಯಾಗವಾಗಲಾರದು.

ಹಾಗಾದರೆ ಮುಚ್ಚಿಬಿಡುವುದೇ ಧರ್ಮವೆ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಬಾಗಿಲು ಮುಚ್ಚುವುದೂ ಒಂದು ಕೃತ್ಯವೇ, ಅದಕ್ಕೂ ಪರಿಣಾಮಗಳಿವೆ. ನಾಟಕದ ಕಲಾವಿದರು, ಬಣ್ಣ ಬಳಿಯುವವರು, ಧ್ವನಿವರ್ಧಕದವರು, ಶಾಮಿಯಾನ ಹಾಕುವವರು, ಅಡುಗೆಯವರು ಇವರೆಲ್ಲರ ಒಲೆ ಉರಿಯುವುದು ಸಭೆ ನಡೆದರೆ ಮಾತ್ರ. ಹಿರಿಯರ ವಿಷಯದಲ್ಲಂತೂ ಗಂಟು ಇನ್ನೂ ಬಿಗಿಯಾಗಿದೆ. ಗಡಿಯಾಚೆಯ ಸಂಘಗಳ ಜೀವಾಳವೇ ಅವರು. ಮೊದಲ ಸಾಲಿನಲ್ಲಿ ಕುಳಿತು ಕೊನೆಯ ವಂದನಾರ್ಪಣೆಯವರೆಗೆ ಕೇಳುವವರು, ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವವರು ಅವರೇ. ಸಭೆಯಿಂದ ಹೆಚ್ಚು ಬಲ ಪಡೆಯುವವರೂ ಅವರೇ, ರೋಗಕ್ಕೆ ಮೊದಲು ಈಡಾಗುವವರೂ ಅವರೇ. ಅವರನ್ನು ಕಾಯುತ್ತೇವೆಂದು ಒಂಟಿತನಕ್ಕೆ ದೂಡಿದರೆ ಅದು ಇನ್ನೊಂದು ಬಗೆಯ ಹಿಂಸೆ. ಆದ್ದರಿಂದ ತೆರೆಯುವುದೋ ಮುಚ್ಚುವುದೋ ಎಂಬುದರಲ್ಲಿ ಚರ್ಚೆ ಮುಗಿಯುವುದಿಲ್ಲ. ತೆರೆಯುವ ರೀತಿಯಲ್ಲಿ ಪ್ರಾಮಾಣಿಕತೆ ಇದೆಯೇ ಎಂಬುದನ್ನು ಕೇಳಬೇಕು.

ಮೊದಲನೆಯದಾಗಿ, ರಕ್ಷಣೆಗೂ ರಕ್ಷಣೆಯ ಪ್ರದರ್ಶನಕ್ಕೂ ಇರುವ ಅಂತರವನ್ನು ಅರಿಯಬೇಕು. ಬಾಗಿಲಲ್ಲಿ ಹಣೆಗೆ ಹಿಡಿಯುವ ಉಷ್ಣಮಾಪಕ, ಕೈಗೆ ನಾಲ್ಕು ಹನಿ ಸ್ಯಾನಿಟೈಸರ್, ನೆಲಕ್ಕೆ ಘಾಟು ವಾಸನೆಯ ದ್ರಾವಣ, ಇವೆಲ್ಲ ಕಣ್ಣಿಗೆ ಕಾಣುವಂಥವು, ಛಾಯಾಚಿತ್ರದಲ್ಲಿಯೂ ಮೂಡುವಂಥವು. ಆದರೆ ಕೋವಿಡ್ ರೋಗಿಯಿಂದ ಜ್ವರ ಬರುವುದಕ್ಕೆ ಒಂದೆರಡು ದಿನ ಮೊದಲೇ ಸೋಂಕು ಹರಡಬಲ್ಲದು. ಉಷ್ಣಮಾಪಕ ಅವನನ್ನು ಒಳಗೆ ಬಿಟ್ಟುಬಿಡುತ್ತದೆ. ಈ ಸೋಂಕು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದಲೂ ಹರಡುತ್ತದೆ, ಅದನ್ನು ಗಂಭೀರವಾಗಿ ಪರಿಗಣಿಸಿರಿ ಎಂದು 2020ರ ಜುಲೈಯಲ್ಲಿ 239 ವಿಜ್ಞಾನಿಗಳು ಬಹಿರಂಗವಾಗಿ ಬೇಡಿಕೊಂಡರು. ಅದರ ಮುಂದಿನ ತಿಂಗಳು ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಹಾಲ್ಲೆ ವಿಶ್ವವಿದ್ಯಾಲಯದವರು ಸುಮಾರು 1,400 ಸ್ವಯಂಸೇವಕರನ್ನು ಕೂಡಿಸಿ, ಪ್ರಯೋಗಕ್ಕೆಂದೇ ಒಂದು ಸಂಗೀತ ಕಚೇರಿ ನಡೆಸಿದರು. ಅವರು ಕಂಡುಕೊಂಡ ಎರಡು ಸಂಗತಿಗಳು ಮುಖ್ಯವಾದವು. ಸಭಾಂಗಣದಲ್ಲಿ ಗಾಳಿಯ ಸಂಚಾರ ಕೆಟ್ಟದಾಗಿದ್ದರೆ ಅಪಾಯಕ್ಕೆ ಒಳಗಾಗುವವರ ಸಂಖ್ಯೆ ಬಹಳ ಏರುತ್ತದೆ. ಜನ ಒಬ್ಬರಿಗೊಬ್ಬರು ಹೆಚ್ಚು ತಾಗುವುದು ಆಸನದಲ್ಲಿ ಕುಳಿತಾಗಲ್ಲ, ಒಳಬರುವಾಗ ಮತ್ತು ವಿರಾಮದ ವೇಳೆಯಲ್ಲಿ. ಅಂದರೆ ಕಿಟಕಿ ತೆರೆಯುವುದು, ಎರಡು ಬಾಗಿಲುಗಳಿಂದ ಜನರನ್ನು ಬಿಡುವುದು, ಮೂರು ಗಂಟೆಯ ಸಭೆಯನ್ನು ಒಂದೂವರೆ ಗಂಟೆಗೆ ಇಳಿಸುವುದು, ಚಹಾದ ಮೇಜಿನ ಸುತ್ತ ಮುತ್ತಿಗೆ ಹಾಕದಂತೆ ನೋಡಿಕೊಳ್ಳುವುದು, ಸಾಧ್ಯವಿದ್ದಲ್ಲಿ ಬಯಲಿಗೇ ಬರುವುದು, ಇವು ನಿಜವಾದ ರಕ್ಷಣೆ. ಇವುಗಳಲ್ಲಿ ಅಬ್ಬರವಿಲ್ಲ. ತೋರಿಕೆಯ ಕ್ರಮ ನಿರುಪಯೋಗಿ ಮಾತ್ರವಲ್ಲ, ಸುಳ್ಳೂ ಹೌದು. ಅದನ್ನು ನಂಬಿ ಮಾಸ್ಕ್ ಇಳಿಸಿದ ಅತಿಥಿಗೆ ನಾವು ಹುಸಿ ಅಭಯ ಕೊಟ್ಟಂತಾಗುತ್ತದೆ.

ಎರಡನೆಯದಾಗಿ, ನಿಯಮದ ಭಾರ ಯಾರ ಮೇಲೆ ಬೀಳುತ್ತದೆಂದು ನೋಡಬೇಕು. 'ನೆಗಡಿ, ಜ್ವರ ಇದ್ದವರು ದಯವಿಟ್ಟು ಬರಬಾರದು' ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಕ್ಕೆ ಖರ್ಚಿಲ್ಲ. ಪಿಂಚಣಿ ಬರುವ ಸದಸ್ಯರು ಈ ಮಾತನ್ನು ಪಾಲಿಸಬಲ್ಲರು. ಆದರೆ ದಿನಗೂಲಿಯ ಮೇಲೆ ಬಂದ ಧ್ವನಿವರ್ಧಕದ ಹುಡುಗ, ರಾತ್ರಿಯ ಸಂಭಾವನೆಯಿಂದ ಅಂಗಡಿಯ ಬಾಕಿ ತೀರಿಸಬೇಕಾದ ಕಲಾವಿದ, 'ನನಗೆ ಮೈ ಬೆಚ್ಚಗಿದೆ' ಎಂದು ಹೇಳಿದೊಡನೆ ಅಂದಿನ ದುಡಿಮೆ ಹೋಗುವುದಾದರೆ, ಹೇಳುವನೆ? ಸತ್ಯ ನುಡಿದವನಿಗೆ ದಂಡ, ಮುಚ್ಚಿಟ್ಟವನಿಗೆ ಕೂಲಿ ಎಂಬ ಏರ್ಪಾಡನ್ನು ಮಾಡಿ, ಆಮೇಲೆ ಮುಚ್ಚಿಟ್ಟವನನ್ನು ದೂಷಿಸುವುದು ನ್ಯಾಯವಲ್ಲ. ಜ್ವರವೆಂದು ಹಿಂದುಳಿದವನಿಗೂ ಆ ದಿನದ ಸಂಭಾವನೆ ಸಲ್ಲುತ್ತದೆಂದು ಸಂಘ ಮೊದಲೇ ಘೋಷಿಸಿದರೆ ಮಾತ್ರ ಆ ನಿಯಮಕ್ಕೆ ನೈತಿಕ ಬಲ ಬರುತ್ತದೆ. ಹಾರ ತುರಾಯಿಗಳ ವೆಚ್ಚದಲ್ಲಿ ಒಂದಿಷ್ಟನ್ನು ಉಳಿಸಿದರೆ ಈ ಹಣ ಹುಟ್ಟುತ್ತದೆ.

ಮೂರನೆಯದು ಹಂಚಿಕೆಯ ಪ್ರಶ್ನೆ. ನಾಲ್ಕು ನೂರು ಆಸನಗಳಲ್ಲಿ ಇನ್ನೂರನ್ನೇ ತುಂಬಬೇಕೆಂದಾಗ ಆ ಇನ್ನೂರು ಜನ ಯಾರು? ಹಾಗೆಯೇ ಬಿಟ್ಟರೆ ಉತ್ತರ ಗೊತ್ತಿದ್ದದ್ದೇ: ಗಣ್ಯರು, ಗಣ್ಯರ ಜೊತೆಗೆ ಬಂದವರು, ಪದಾಧಿಕಾರಿಗಳ ಬಂಧುಗಳು. ಹಳ್ಳಿಯಿಂದ ಬಸ್ಸು ಹಿಡಿದು ಬರುವ ಶಾಲಾಮಾಸ್ತರರು, ಕವಿತೆ ಓದಬೇಕೆಂದು ಕಾದ ಹುಡುಗಿ ಹೊರಗುಳಿಯುತ್ತಾರೆ. ಕೊರತೆ ಒದಗಿದಾಗಲೇ ಸಂಸ್ಥೆಯ ಸ್ವಭಾವ ತಿಳಿಯುವುದು. ಸರದಿಯ ಮೇಲೆ ಕರೆಯುವುದು, ಒಂದೇ ಕಾರ್ಯಕ್ರಮವನ್ನು ಎರಡು ಸಲ ಮಾಡುವುದು, ಗಾಳಿ ಚೆನ್ನಾಗಿ ಆಡುವ ಕಡೆಯ ಆಸನಗಳನ್ನು ವೃದ್ಧರಿಗೆ ಮೀಸಲಿಡುವುದು, ಇಂಥ ಸಣ್ಣ ಏರ್ಪಾಡುಗಳಲ್ಲಿಯೇ ಸಮಾನತೆಯ ಮಾತು ಪರೀಕ್ಷೆಗೆ ಒಳಗಾಗುತ್ತದೆ. ಬರಲಾರದವರಿಗೂ ಸಭೆಯಲ್ಲಿ ಪಾಲಿರಬೇಕು. ಮೊಬೈಲಿನಲ್ಲಿ ನೇರ ಪ್ರಸಾರ ಕಳಿಸಿದರೆ ಅರ್ಧ ಕೆಲಸ ಆದಂತೆ. ಅದನ್ನು ನೋಡಲು ಬಾರದ ಅಜ್ಜಿಯ ಮನೆಗೆ ಸ್ಮರಣ ಸಂಚಿಕೆಯನ್ನು ಯಾರಾದರೂ ಮುಟ್ಟಿಸಿ, ಹೊಸ್ತಿಲ ಹೊರಗೆ ನಿಂತಾದರೂ ನಾಲ್ಕು ಮಾತನಾಡಿ ಬಂದರೆ ಪೂರ್ತಿಯಾಯಿತು.

ರೂಪ ಬದಲಾದರೆ ಸಭೆಯ ಸತ್ವವೇ ಹೋಗುವುದಲ್ಲವೆ ಎಂಬ ಶಂಕೆ ಸಹಜ. ಇದಕ್ಕೆ ಉತ್ತರವಾಗಿ ನಮ್ಮ ಜಿಲ್ಲೆಯ ಪಂಢರಪುರವೇ ಇದೆ. ಲಕ್ಷಾಂತರ ವಾರಕರಿಗಳು, ಅವರಲ್ಲಿ ಕನ್ನಡಿಗರೂ ಅನೇಕರು, ನಡೆದು ಬರುವ ಆಷಾಢ ವಾರಿ 2020ರಲ್ಲಿ ಎಂದಿನಂತೆ ಕಾಲ್ನಡಿಗೆಯಲ್ಲಿ ನಡೆಯಲಿಲ್ಲ. ಸಂತರ ಪಾದುಕೆಗಳನ್ನು ಬೆರಳೆಣಿಕೆಯ ಜನರೊಂದಿಗೆ ಬಸ್ಸಿನಲ್ಲಿ ತಂದರು. ಮರುವರ್ಷವೂ ಹಾಗೆಯೇ ಆಯಿತು. ವಿಠ್ಠಲ ಮುನಿದನೆಂದು ಯಾರೂ ಹೇಳಲಿಲ್ಲ. ಆದರೆ ನಡೆಯಲಾಗದ ದುಃಖವನ್ನು ವಾರಕರಿಗಳು ಮರೆಮಾಚಲೂ ಇಲ್ಲ. 2022ರಲ್ಲಿ ದಿಂಡಿಗಳು ಮತ್ತೆ ಹೊರಟವು. ಕಳೆದುಕೊಂಡದ್ದನ್ನು ಕಳೆದುಕೊಂಡೆವೆಂದು ಒಪ್ಪಿ, ಉಳಿಸಿಕೊಳ್ಳಬೇಕಾದುದನ್ನು ಉಳಿಸಿಕೊಂಡ ಈ ನಡತೆಯಲ್ಲಿ ಒಂದು ವಿವೇಕವಿದೆ.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿದ್ದು 2023ರ ಮೇ 5ರಂದು. ಈಗ ನಮ್ಮ ಸಭೆಗಳು ತುಂಬಿವೆ, ಮಾಸ್ಕುಗಳು ಕಪಾಟು ಸೇರಿವೆ. ಆ ದಿನಗಳನ್ನು ಮರೆತುಬಿಡುವ ಆಸೆ ಎಲ್ಲರಿಗೂ ಇದೆ. ಆದರೆ ಕಿಟಕಿಗಳಿಗೆ ಮೊಳೆ ಹೊಡೆದು ಪರದೆ ಬಿಟ್ಟ ಸಭಾಂಗಣಗಳು ಹಾಗೆಯೇ ಇವೆ. ಜ್ವರದಲ್ಲಿಯೂ ಕೂಲಿಗೆ ಬರಬೇಕಾದವರು ಹಾಗೆಯೇ ಇದ್ದಾರೆ. ಇನ್ನೊಂದು ಸೋಂಕು ಬರುವ ಮೊದಲೇ ಇವನ್ನು ಸರಿಪಡಿಸುವ ಬಿಡುವು ನಮಗೆ ಸಿಕ್ಕಿದೆ.

ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದರು. ಅದರ ನೀರು ಯಾರು ಯಾರಿಗೆ ಎಂದು ಲೆಕ್ಕವಿಟ್ಟು ಕಟ್ಟಿಸಿದ್ದಲ್ಲ. ತಾವು ಕಾಣದ ದಾರಿಹೋಕನಿಗೂ, ಇನ್ನೂ ಹುಟ್ಟದ ಮಗುವಿಗೂ ಅದು ಸಲ್ಲಬೇಕಿತ್ತು. ಒಂದು ಸಭಾಂಗಣದ ಗಾಳಿಯೂ ಕೆರೆಯ ನೀರಿನಂತೆ ಎಲ್ಲರೂ ಹಂಚಿಕೊಳ್ಳುವ ಸೊತ್ತು. ಮೊದಲ ಸಾಲಿನ ಗಣ್ಯರು ಉಸಿರಾಡುವುದೂ ಅದನ್ನೇ, ಹಿಂಬದಿಯಲ್ಲಿ ನಿಂತ ಕಾವಲುಗಾರ ಉಸಿರಾಡುವುದೂ ಅದನ್ನೇ. ಸಭೆ ಕರೆಯುವ ಪ್ರತಿಯೊಂದು ಸಂಘವೂ ಆಮಂತ್ರಣ ಅಚ್ಚಾಗುವ ಮೊದಲು ಒಂದು ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಲಿ: ನಮ್ಮ ಅತಿ ಹಿರಿಯ ಸದಸ್ಯರೂ ನಮ್ಮಿಂದ ಅತಿ ಕಡಿಮೆ ಕೂಲಿ ಪಡೆಯುವ ಕೆಲಸಗಾರರೂ ಈ ಬಾಗಿಲೊಳಗೆ ಅಂಜಿಕೆಯಿಲ್ಲದೆ ಬರಬಲ್ಲರೆ? ಹೌದೆನ್ನುವಂತಿದ್ದರೆ ಬಾಗಿಲು ತೆರೆಯೋಣ. ಇಲ್ಲವಾದರೆ, ಹೌದೆನ್ನುವಂತೆ ಮಾಡಲು ಏನು ಬೇಕೆಂದು ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಮೊದಲ ವಿಷಯವಾಗಿ ಚರ್ಚಿಸೋಣ.