ತೊಗಲಿಗಿಲ್ಲದ ಮೈಲಿಗೆ

ಡೊಂಬಿವಲಿ, ಕಲ್ಯಾಣದ ಕನ್ನಡ ಕುಟುಂಬಗಳಿಗೆ ಕೊಲ್ಹಾಪುರ ದೂರದ ಊರೇನಲ್ಲ. ರಾತ್ರಿ ಕಲ್ಯಾಣದಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಅಂಬಾಬಾಯಿಯ ಊರು. ಯಾತ್ರೆಯ ಕ್ರಮವೂ ಹೆಚ್ಚುಕಡಿಮೆ ಎಲ್ಲರದೂ ಒಂದೇ. ಮೊದಲು ದೇವಿಯ ದರ್ಶನ, ಆಮೇಲೆ ಗುಡಿಯ ಹತ್ತಿರದ ಚಪ್ಪಲ್ ಲೈನಿನಲ್ಲಿ ಮನೆಮಂದಿಗೆಲ್ಲ ಒಂದೊಂದು ಜೋಡು, ಹೊತ್ತು ಉಳಿದರೆ ಊರಾಚೆಯ ಕನೇರಿ ಮಠ. ಆ ಮಠದ ಆವರಣದಲ್ಲಿ ಸಿದ್ಧಗಿರಿ ಗ್ರಾಮಜೀವನ ವಸ್ತುಸಂಗ್ರಹಾಲಯವಿದೆ. ಹೀಗೆ ಒಂದೇ ದಿನದಲ್ಲಿ ತೊಗಲು ಮೂರು ಸಲ ಎದುರಾಗುತ್ತದೆ. ಗುಡಿಯ ಬಾಗಿಲಲ್ಲಿ ಅದನ್ನು ಬಿಟ್ಟು ಒಳಗೆ ಹೋಗಬೇಕು. ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಳ್ಳಬೇಕು. ಮ್ಯೂಸಿಯಮ್ಮಿನಲ್ಲಿ ಮಕ್ಕಳಿಗೆ ತೋರಿಸಿ, 'ನಮ್ಮ ಹಳ್ಳಿಗಳು ಹೀಗಿದ್ದವು ನೋಡು' ಎನ್ನಬೇಕು. ವಸ್ತು ಒಂದೇ, ನಡವಳಿಕೆ ಮೂರು. ಹಾಗಾದರೆ ಮೈಲಿಗೆ ಎನ್ನುವುದು ಇರುವುದಾದರೂ ಎಲ್ಲಿ?

ಕನೇರಿಯ ಮ್ಯೂಸಿಯಂ ಚರ್ಮ ಕಸುಬಿಗೆಂದೇ ಮಾಡಿದ್ದಲ್ಲ. ಸ್ವಾವಲಂಬಿ ಹಳ್ಳಿಯ ಬದುಕನ್ನು ಆಳೆತ್ತರದ ಸಿಮೆಂಟ್ ಪ್ರತಿಮೆಗಳಲ್ಲಿ ಕಟ್ಟಿ ನಿಲ್ಲಿಸಿದ ಬಯಲು ಅದು. ಮರಾಠಿಯವರು ಬಾರಾ ಬಲುತೇದಾರ ಎಂದು, ಕನ್ನಡದವರು ಹನ್ನೆರಡು ಆಯಗಾರರೆಂದು ಕರೆಯುವ ಕಸುಬುದಾರರ ಲೋಕ ಅಲ್ಲಿದೆ. ಬಡಗಿ, ಕಮ್ಮಾರ, ಕುಂಬಾರ, ಅಗಸರ ಜೊತೆಗೆ ಚಂಭಾರನೂ, ಅಂದರೆ ಕನ್ನಡದ ಸಮಗಾರನೂ, ಆ ಲೆಕ್ಕಕ್ಕೆ ಸೇರಿದವನು. ರೈತನ ನೇಗಿಲು ಸರಿಮಾಡಿದವನಿಗೆ, ಬಟ್ಟೆ ಒಗೆದವನಿಗೆ, ಮೆಟ್ಟು ಹೊಲಿದವನಿಗೆ ಸುಗ್ಗಿಯ ಕಣದಲ್ಲಿ ಬಲುತವೆಂದು ಕಾಳು ಅಳೆದು ಕೊಡುವ ವ್ಯವಸ್ಥೆ. ನೋಡಿದವರಿಗೆ ಹಿತವೆನಿಸುತ್ತದೆ. ಎಲ್ಲರೂ ಬೇಕಾದವರು, ಯಾರೂ ಬಿಟ್ಟುಹೋಗಿಲ್ಲ.

ಬಿಟ್ಟುಹೋಗಿರುವುದು ವಾಸನೆ. ಕೊಲ್ಹಾಪುರಿ ಜೋಡಿನ ತೊಗಲು ಹದವಾಗುವ ಬಗೆಯನ್ನು ಹತ್ತಿರದಿಂದ ಕಂಡವರಿಗೆ ಇದು ತಕ್ಷಣ ಹೊಳೆಯುತ್ತದೆ. ಹಸಿ ತೊಗಲನ್ನು ಮೊದಲು ಸುಣ್ಣದ ನೀರಿನಲ್ಲಿ ನೆನೆಹಾಕಬೇಕು. ಕೂದಲು ಸಡಿಲವಾದ ಮೇಲೆ ಬಾಗಿದ ಕತ್ತಿಯಿಂದ ಒಂದು ಬದಿಯ ಕೂದಲನ್ನೂ ಇನ್ನೊಂದು ಬದಿಗೆ ಅಂಟಿದ ಮಾಂಸವನ್ನೂ ಕೆರೆದು ತೆಗೆಯಬೇಕು. ಆಮೇಲೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸ. ತೊಗಲನ್ನೇ ಚೀಲದಂತೆ ಹೊಲಿದು, ತೂಗುಹಾಕಿ, ಅದರೊಳಗೆ ಈ ಕಂದು ರಸ ತುಂಬುತ್ತಾರೆ. ರಸ ತೊಟ್ಟಿಕ್ಕುತ್ತ ಹೋದ ಹಾಗೆ ಮತ್ತೆ ಮೇಲಿಂದ ಸುರಿಯುತ್ತಾರೆ. ದಿನಗಟ್ಟಲೆ ನಡೆಯುವ ಈ ಕೆಲಸದಲ್ಲಿ ಕೈಯ ಚರ್ಮವೂ ತೊಗಲಿನ ಬಣ್ಣಕ್ಕೆ ತಿರುಗುತ್ತದೆ. ಅಟ್ಟೆ ಕತ್ತರಿಸುವ ರಂಪಿಗೆ, ತೂತು ಕೊರೆಯುವ ಉಳಿ, ಮೊಳೆಯ ಬದಲು ತೊಗಲಿನದೇ ದಾರ, ಪಟ್ಟಿಗೆ ಜಡೆ ಹೆಣೆಯುವ ಹೆಂಗಸರು ಇವೆಲ್ಲ ಆಮೇಲಿನ ಮಾತು. ಅಥಣಿ, ನಿಪ್ಪಾಣಿಯ ಕಡೆಯ ಮನೆಗಳಲ್ಲಿ ಈ ಹೆಣಿಗೆ ಇವತ್ತಿಗೂ ಜಗಲಿಯ ಕೆಲಸ.

ಸಿಮೆಂಟಿನ ಚಂಭಾರನ ಬಳಿ ಸುಣ್ಣದ ಗುಂಡಿಯ ನಾತವಿಲ್ಲ. ಅವನ ಕೇರಿ ಊರಿನ ಯಾವ ದಿಕ್ಕಿಗಿತ್ತು, ಅವನು ನೀರು ಸೇದುತ್ತಿದ್ದ ಬಾವಿ ಯಾವುದು ಎಂಬ ಪ್ರಶ್ನೆಗಳೂ ಏಳುವುದಿಲ್ಲ. ಮರಾಠಿಯ ದಲಿತ ಲೇಖಕ ದಯಾ ಪವಾರ್ 1978ರಲ್ಲಿ ತಮ್ಮ ಆತ್ಮಕಥೆಗೆ 'ಬಲುತ' ಎಂದೇ ಹೆಸರಿಟ್ಟರು. ಆ ಪುಸ್ತಕದಲ್ಲಿ ಬಲುತ ಎಂದರೆ ಹುಟ್ಟಿನಿಂದಲೇ ಉಡಿಗೆ ಬಿದ್ದ ದುಃಖದ ಪಾಲು. ಕಣದಲ್ಲಿ ಕಾಳು ಅಳೆದವರಿಗೆ ಕಂಡ ಸಾಮರಸ್ಯ, ಅಳೆಸಿಕೊಂಡವರಿಗೆ ಹಾಗೆ ಕಂಡಿರಲಿಲ್ಲ.

ಶಾಸ್ತ್ರದವರು ಏನು ಹೇಳುತ್ತಾರೆ ಎಂದು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ವಸ್ತುಗಳ ಶುದ್ಧಿಯ ಪ್ರಕರಣವೊಂದು ಬರುತ್ತದೆ. ಚಿನ್ನಕ್ಕೆ ಒಂದು ಕ್ರಮ, ಮಣ್ಣಿನ ಪಾತ್ರೆಗೆ ಒಂದು ಕ್ರಮ. ಚರ್ಮವನ್ನು ಬಟ್ಟೆಯ ಹಾಗೆಯೇ ಶುದ್ಧಿ ಮಾಡಬಹುದು ಎನ್ನುತ್ತದೆ ಆ ಗ್ರಂಥ. ಅಂದರೆ ತೊಳೆದರೆ ಆಯಿತು. ಆದರೆ ಅದೇ ಗ್ರಂಥದ ನಾಲ್ಕನೆಯ ಅಧ್ಯಾಯ ಯಾರ್‍ಯಾರ ಅನ್ನ ಉಣ್ಣಬಾರದು ಎಂದು ಪಟ್ಟಿ ಮಾಡುವಾಗ, ಚರ್ಮ ಕತ್ತರಿಸುವವನ ಅನ್ನ ಉಂಡರೆ ಯಶಸ್ಸು ಹಾಳಾಗುತ್ತದೆ ಎನ್ನುತ್ತದೆ. ತೊಗಲಿಗೆ ನೀರು ಸಾಕು; ತೊಗಲು ಮುಟ್ಟಿದ ಕೈಗೆ ಯಾವ ನೀರೂ ಸಾಲದು. ಮೈಲಿಗೆಯ ತತ್ವಶಾಸ್ತ್ರದ ಗಂಟು ಇಲ್ಲಿದೆ. ವಸ್ತುವಿನ ಗುಣವೆಂದು ಹೇಳಿಕೊಂಡು ಬಂದದ್ದು ನಿಜಕ್ಕೂ ವಸ್ತುವಿನ ಗುಣವಲ್ಲ ಎಂಬುದನ್ನು ಶಾಸ್ತ್ರಕಾರನೇ ಬರೆದಿಟ್ಟಿದ್ದಾನೆ.

ಆಚರಣೆಯೂ ಇದನ್ನೇ ಹೇಳುತ್ತದೆ. ಉಪನಯನದ ವಟುವಿನ ಜನಿವಾರಕ್ಕೆ ಕೃಷ್ಣಾಜಿನದ ಚೂರು ಕಟ್ಟುತ್ತಾರೆ. ಶಿವ ಉಡುವುದೇ ತೊಗಲು. ನೀರಾವರಿ ಪಂಪು ಬರುವ ಮುಂಚೆ ಬಾವಿಯಿಂದ ನೀರೆತ್ತುತ್ತಿದ್ದ ಕಪಿಲೆಯದೂ ತೊಗಲಿನದೇ ಚೀಲ. ಆ ನೀರುಂಡ ಗದ್ದೆಯ ಅಕ್ಕಿಯೇ ನೈವೇದ್ಯವಾಗುತ್ತಿತ್ತು. ಮಳೆಗಾಲದಲ್ಲಿ ಕರಾವಳಿಯ ಯಕ್ಷಗಾನ ಕಲಾವಿದರು ಮುಂಬಯಿ ಕಡೆಗೆ ಬಂದಾಗ ಠಾಣೆ, ಡೊಂಬಿವಲಿ, ನವಿ ಮುಂಬಯಿಯ ಸಭಾಭವನಗಳಲ್ಲಿ ಆಟಗಳಾಗುತ್ತವೆ. ಬಣ್ಣ ಹಚ್ಚುವ ಚೌಕಿಯಲ್ಲಿ ಗಣಪತಿಗೆ ಪೂಜೆ. ಬಾಗಿಲಾಚೆ ಚಪ್ಪಲಿಗಳ ರಾಶಿ, ಒಳಗೆ ಚೆಂಡೆ ಮದ್ದಳೆ. ಭಾಗವತರ ಪಕ್ಕದವರು ಮದ್ದಳೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ತೊಡೆಯ ಮೇಲಿಡುತ್ತಾರೆ. ಆಚೆ ಬಿದ್ದಿರುವುದೂ ತೊಗಲು, ಒಳಗಿರುವುದೂ ತೊಗಲು. ಕಾಲಿಗೆ ಹಾಕುವುದು ಬೇರೆ, ಕೈಯಲ್ಲಿ ನುಡಿಸುವುದು ಬೇರೆ ಎಂದು ಯಾರಾದರೂ ಹೇಳಬಹುದು. ಒಪ್ಪತಕ್ಕ ಮಾತೇ. ಆದರೆ ಚಪ್ಪಲಿ ಹೊಲಿದವನಿಗೂ ಮದ್ದಳೆಯ ಮುಚ್ಚಿಗೆ ಬಿಗಿದವನಿಗೂ ಊರು ಬಹುಕಾಲ ಒಂದೇ ದೂರವನ್ನು ಕಾಯ್ದುಕೊಂಡು ಬಂತಲ್ಲ, ಅದಕ್ಕೆ ಕಾಲು–ಕೈಯ ವಿವರಣೆ ಸಾಲುವುದಿಲ್ಲ. ಗಾಯಕ ಟಿ. ಎಂ. ಕೃಷ್ಣ ಮೃದಂಗ ತಯಾರಿಸುವವರ ಬದುಕಿನ ಕುರಿತು 'ಸೆಬಾಸ್ಟಿಯನ್ ಅಂಡ್ ಸನ್ಸ್' ಬರೆದಾಗ, 2020ರಲ್ಲಿ ಅದರ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು. ಮೃದಂಗಕ್ಕೆ ಹಸುವಿನ ಚರ್ಮ ಬೇಕು ಎಂಬ ಎಲ್ಲರಿಗೂ ಗೊತ್ತಿದ್ದ ಸಂಗತಿಯೇ ಆ ದಿನಗಳ ಚರ್ಚೆಯ ನಡುವೆ ಇತ್ತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದ ಆಚರಣೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿದೆ. ಬೂದಿತಿಟ್ಟು ಗ್ರಾಮದ ಚರ್ಮ ಕಸುಬಿನ ಸಮುದಾಯದವರು ಎರಡು ವರ್ಷಕ್ಕೊಮ್ಮೆ ರಂಗನಾಥನಿಗೆ ದೊಡ್ಡ ತೊಗಲು ಪಾದುಕೆಗಳನ್ನು ಮಾಡಿ ಒಪ್ಪಿಸುತ್ತಾರೆ. ಒಂದು ಅಡಿ ಒಂಬತ್ತು ಅಂಗುಲದ ಜೋಡು. ಸ್ವಾಮಿ ಅದನ್ನು ಮೆಟ್ಟಿ ಕಾಡು ಸುತ್ತುತ್ತಾನೆ, ಹಾಗಾಗಿಯೇ ಸವೆಯುತ್ತದೆ ಎಂಬುದು ನಂಬಿಕೆ. ದರ್ಶನಕ್ಕೆ ಬಂದ ಭಕ್ತರ ತಲೆಗೆ ಆ ಪಾದುಕೆಯನ್ನು ಮುಟ್ಟಿಸುತ್ತಾರೆ. ತಮ್ಮ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದವರು ದೇವರ ಚಪ್ಪಲಿಗೆ ತಲೆಯೊಡ್ಡುತ್ತಾರೆ.

ತೊಗಲು ದೇವರ ಪಾದ ಸೇರಿ ಪವಿತ್ರವಾಯಿತು, ಸರಿ. ಹೊಲಿದವನು? ಈ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದಲ್ಲೇ ನೇರವಾಗಿ ಎತ್ತಿಕೊಂಡದ್ದು ಇನ್ನೊಂದು ಕಲ್ಯಾಣ, ಬಸವಣ್ಣನವರ ಕಲ್ಯಾಣ. ಸಮಗಾರ ಹರಳಯ್ಯ 'ಶರಣು' ಎಂದಾಗ ಬಸವಣ್ಣ 'ಶರಣು ಶರಣಾರ್ಥಿ' ಎಂದು ಹೆಚ್ಚಿಗೆ ಹೇಳಿದರಂತೆ. ಆ ಹೆಚ್ಚಿನ ಋಣ ತೀರಿಸಲು ಹರಳಯ್ಯ–ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಜೋಡು ಹೊಲಿದು ತಂದರು. ಇದನ್ನು ಮೆಟ್ಟುವ ಯೋಗ್ಯತೆ ತನಗಿಲ್ಲವೆಂದು ಬಸವಣ್ಣ ತಲೆಯ ಮೇಲಿಟ್ಟುಕೊಂಡರು ಎನ್ನುತ್ತದೆ ಕಥೆ. ಕಥೆಯ ಜಾಣ್ಮೆ ಇರುವುದು ಆ ತೊಡೆಯ ಚರ್ಮದಲ್ಲಿ. ಸತ್ತ ದನದ ತೊಗಲನ್ನು ಮುಟ್ಟಿದ್ದಕ್ಕೆ ಮೈಲಿಗೆ ಎನ್ನುವವರ ಮುಂದೆ ಅದು ಮನುಷ್ಯನದೇ ಚರ್ಮವನ್ನಿಟ್ಟು, ಇದಕ್ಕೇನೆನ್ನುತ್ತೀರಿ ಎಂದು ಕೇಳುತ್ತದೆ. ಇದರಾಚೆಗಿನದು ಕಥೆಯ ಸೌಮ್ಯತೆಯನ್ನು ಮೀರಿದ್ದು. ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಮಧುವರಸನ ಮಗಳು ಲಾವಣ್ಯಳಿಗೂ ಮದುವೆಯಾಯಿತು. ಬಿಜ್ಜಳನ ಆಳ್ವಿಕೆಯಲ್ಲಿ ಇದಕ್ಕಾಗಿ ಇಬ್ಬರು ತಂದೆಯರಿಗೂ ಕಟ್ಟಿ ಎಳೆದು ಕೊಲ್ಲುವ ಎಳೆಹೂಟೆಯ ಶಿಕ್ಷೆಯಾಯಿತು. ಜೋಡನ್ನು ತಲೆಯ ಮೇಲಿಟ್ಟುಕೊಂಡದ್ದನ್ನು ಸಹಿಸಿದ್ದ ಊರು, ಹೊಲಿದವನ ಮನೆಗೆ ಹೆಣ್ಣು ಕೊಟ್ಟದ್ದನ್ನು ಸಹಿಸಲಿಲ್ಲ.

ಅದೇ ಕಲ್ಯಾಣದ ಮತ್ತೊಬ್ಬ ಶರಣ ಡೋಹರ ಕಕ್ಕಯ್ಯ, ತೊಗಲು ಹದ ಮಾಡುವ ಕಸುಬಿನವರು. ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ದಿನಾ ಆಫೀಸಿಗೆ ಹೋಗುವ ಕನ್ನಡಿಗರು ಅವರ ಹೆಸರಿನ ಪಕ್ಕದಲ್ಲೇ ಹಾದುಹೋಗುತ್ತಾರೆ. ಸಾಯನ್ ನಿಲ್ದಾಣಕ್ಕೆ ಅಂಟಿಕೊಂಡ ಧಾರಾವಿಯಲ್ಲಿ ಸಂತ ಕಕ್ಕಯ್ಯ ಮಾರ್ಗವಿದೆ. ಮಹಾರಾಷ್ಟ್ರದ ಢೋರ್ ಸಮುದಾಯ ಕಕ್ಕಯ್ಯನವರನ್ನು ತನ್ನ ಸಂತರೆಂದು ಪೂಜಿಸುತ್ತ ಬಂದಿದೆ. ಬಸವ ಜಯಂತಿಯನ್ನು ಸಡಗರದಿಂದ ಮಾಡುವ ಉಪನಗರದ ಎಷ್ಟು ಮಂದಿ ಆ ಬೀದಿಗೆ ಕಾಲಿಟ್ಟಿದ್ದಾರೆ ಎಂಬುದು ಬೇರೆ ಪ್ರಶ್ನೆ.

ಕೈಗೆ ಅಂಟಿಸಿದ ಮೈಲಿಗೆ ಎಷ್ಟು ವಿಚಿತ್ರ ಎಂಬುದಕ್ಕೆ ಕ್ರಿಕೆಟ್ಟಿನಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಪಲ್ವಣಕರ್ ಬಾಲೂ 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚಂಭಾರರ ಹುಡುಗ. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಪಿಚ್ಚು ನೋಡಿಕೊಳ್ಳುತ್ತ ಎಡಗೈ ಸ್ಪಿನ್ ಕಲಿತು ಹಿಂದೂ ತಂಡಕ್ಕೆ ಆಡಿದವರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಆರಂಭದ ದಿನಗಳಲ್ಲಿ ಪುಣೆಯಲ್ಲಿ ಅವರ ತಂಡದವರು ಒಳಗೆ ಕೂತು ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿಯುವಾಗ ಬಾಲೂಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರೆಂದು ಇತಿಹಾಸಕಾರ ರಾಮಚಂದ್ರ ಗುಹಾ ದಾಖಲಿಸಿದ್ದಾರೆ. ಕ್ರಿಕೆಟ್ ಚೆಂಡಿನ ಮೈಯೆಲ್ಲ ತೊಗಲು. ಬಾಲೂ ಬೆರಳಿನಿಂದ ಹೊರಟ ಆ ಚೆಂಡನ್ನು ಮೇಲ್ಜಾತಿಯ ಫೀಲ್ಡರು ಹಿಡಿಯುತ್ತಿದ್ದರು, ಒರೆಸುತ್ತಿದ್ದರು, ಮತ್ತೆ ಅವರ ಕೈಗೇ ಎಸೆಯುತ್ತಿದ್ದರು. ಆಟದುದ್ದಕ್ಕೂ ಯಾರಿಗೂ ಏನೂ ಆಗಲಿಲ್ಲ. ಚಹಾ ಬಂದ ಕೂಡಲೇ ಮೈಲಿಗೆ ಬಂತು.

ಇದಕ್ಕೆ ಪರಿಹಾರವೇನು ಎಂಬಲ್ಲಿ ದೊಡ್ಡವರೇ ಬೇರೆಬೇರೆ ದಾರಿ ಹಿಡಿದರು. ಗಾಂಧೀಜಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ತಾವೇ ಚಪ್ಪಲಿ ಹೊಲಿಯಲು ಕೂತರು. ಒಂದು ಜೋಡನ್ನು ಅಲ್ಲಿನ ಸರ್ಕಾರದಲ್ಲಿ ತಮ್ಮ ಎದುರಾಳಿಯಾಗಿದ್ದ ಜನರಲ್ ಸ್ಮಟ್ಸ್‌ಗೆ ಕಳಿಸಿದರು. ಅದನ್ನು ಎಷ್ಟೋ ಬೇಸಿಗೆ ಮೆಟ್ಟಿದ ಸ್ಮಟ್ಸ್, ಅಂಥವರ ಜೋಡಿನಲ್ಲಿ ನಿಲ್ಲುವ ಯೋಗ್ಯತೆ ತನಗಿಲ್ಲ ಎಂದು 1939ರಲ್ಲಿ ಬರೆದರು. ಬಸವಣ್ಣನವರ ಕಥೆ ಗೊತ್ತಿರುವ ಕನ್ನಡಿಗರಿಗೆ ಈ ಮಾತು ಹೊಸದಲ್ಲ. ಕಸುಬಿಗೆ ಮಾನ ತಂದರೆ ಕಸುಬುದಾರನಿಗೂ ಮಾನ ಬರುತ್ತದೆ ಎಂಬುದು ಗಾಂಧೀಜಿಯ ನಂಬಿಕೆ. ತಾನಾಗಿ ಸತ್ತ ದನದ ತೊಗಲನ್ನಷ್ಟೇ ಬಳಸಬೇಕೆಂದು ಅವರು ಅಹಿಂಸೆಯನ್ನೂ ಅದಕ್ಕೆ ಜೋಡಿಸಿದರು. ಅಂಬೇಡ್ಕರ್ ಹೇಳಿದ್ದು ಇದಕ್ಕೆ ತಿರುವುಮುರುವು. ಸತ್ತ ದನ ಎಳೆಯುವುದನ್ನೇ ಬಿಡಿ ಎಂದರು. ಹುಟ್ಟಿನಿಂದ ಹೇರಿದ ಕೆಲಸವನ್ನು ಎಷ್ಟು ಹೊಗಳಿದರೂ ಅದು ಹೇರಿಕೆಯೇ ಎಂಬುದು ಅವರ ವಾದ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಬಡಿದಾಗ, ಆ ರಾಜ್ಯದ ಎಷ್ಟೋ ಕೇರಿಗಳು ಅಂಬೇಡ್ಕರರ ಮಾತನ್ನೇ ಹಿಡಿದು ಕೆಲಸ ನಿಲ್ಲಿಸಿದವು. ಗಾಂಧೀಜಿ ಹೇಳಿದಂತೆ ತಾನಾಗಿ ಸತ್ತ ದನದ ತೊಗಲನ್ನೇ ಮುಟ್ಟಿದ್ದವರಿಗೂ ಪೆಟ್ಟು ತಪ್ಪಲಿಲ್ಲ. ಕಸುಬಿನ ಮಾನದ ವಾದಕ್ಕೆ ಇದಕ್ಕಿಂತ ದೊಡ್ಡ ಆಘಾತ ಬೇಕಿರಲಿಲ್ಲ.

ಕಸುಬಿಗೆ ಮಾನವಂತೂ ಈಗ ಬೇರೆ ದಾರಿಯಿಂದ ಬರುತ್ತಿದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಿತು. ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರದ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಆ ಹಕ್ಕು. ಬೇಲಾಪುರದ ಅರ್ಬನ್ ಹಾಟ್‌ನಂಥ ಸಂತೆಗಳಲ್ಲಿ ಕಸುಬುದಾರರೇ ಮಳಿಗೆ ಹಾಕಿ ಗಿರಾಕಿಯೊಡನೆ ನೇರ ಮಾತಾಡುತ್ತಾರೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಮಿಲಾನಿನ ಫ್ಯಾಶನ್ ಪ್ರದರ್ಶನದಲ್ಲಿ ಇದೇ ರೂಪದ ಜೋಡನ್ನು ಮೂಲ ಹೇಳದೆ ತೋರಿಸಿ ಬೈಸಿಕೊಂಡಿತು. ಆಮೇಲೆ ಮೂಲವನ್ನು ಒಪ್ಪಿಕೊಂಡು, ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳಾದ ಲಿಡ್‌ಕಾಮ್ ಮತ್ತು ಲಿಡ್‌ಕರ್ ಜೊತೆ ಒಪ್ಪಂದಕ್ಕೆ ಬಂತು. ಮೂಲ ಹೇಳಲಿಲ್ಲವೆಂದು ಆಗ ಸಿಟ್ಟಾದವರಲ್ಲಿ ಎಲ್ಲ ಜಾತಿಯವರೂ ಇದ್ದರು. 'ನಮ್ಮ ಚಪ್ಪಲಿ' ಎಂದರು. ಆ 'ನಮ್ಮ' ಎಂಬುದರೊಳಗೆ ಸಮಗಾರ ಕೇರಿ ಎಷ್ಟು ಹೊತ್ತಿನ ಮಟ್ಟಿಗೆ ಸೇರಿತ್ತು ಎಂಬುದನ್ನು ಯಾರೂ ಅಳೆದಿಲ್ಲ.

ಅಳೆಯಲು ಒಂದು ಜಾಗವಿದೆ, ಅದೂ ನವಿ ಮುಂಬಯಿಯಲ್ಲೇ. ಖಾರ್ಘರ್‌ನಲ್ಲಿ ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆಯ (ನಿಫ್ಟ್) ಮುಂಬಯಿ ಕ್ಯಾಂಪಸ್ ಇದೆ. ಕುಶಲಕರ್ಮಿಗಳ ಊರಿಗೆ ಹೋಗಿ ಅವರ ಕೆಲಸ ನೋಡಿ ಬರುವುದು ನಿಫ್ಟ್ ವಿದ್ಯಾರ್ಥಿಗಳ ಓದಿನ ಭಾಗ. ಅಂಥಲ್ಲಿ ಓದಿದ ಮೇಲ್ಜಾತಿಯ ಹುಡುಗಿಯೊಬ್ಬಳು ರಂಪಿಗೆ ಹಿಡಿದು ಚರ್ಮ ಕತ್ತರಿಸಿದರೆ ಮನೆಯವರು ಅವಳನ್ನು ಡಿಸೈನರ್ ಎಂದು ಹೆಮ್ಮೆಯಿಂದ ಪರಿಚಯಿಸುತ್ತಾರೆ; ಅವಳ ಊಟದ ತಟ್ಟೆ ಬೇರೆಯಾಗುವುದಿಲ್ಲ. ಅವಳಿಗೆ ಹೊಲಿಗೆ ಹೇಳಿಕೊಟ್ಟ ಅಥಣಿಯ ಮನೆಯ ಹುಡುಗ ಡೊಂಬಿವಲಿಯಲ್ಲಿ ಬಾಡಿಗೆ ಮನೆ ಹುಡುಕುತ್ತ ಬಂದರೆ, ಹೆಸರಿನ ನಂತರ ಕೇಳುವ ಎರಡನೆಯ ಪ್ರಶ್ನೆ ಏನಿರುತ್ತದೆ ಎಂಬುದು ಆ ಊರಿನ ಕನ್ನಡಿಗರಿಗೂ ಮರಾಠಿಗರಿಗೂ ಚೆನ್ನಾಗಿ ಗೊತ್ತು.