ಆತಿಥ್ಯ, ವಾಣಿಜ್ಯ ಮತ್ತು ದಾಕ್ಷಿಣ್ಯ

ದಾಕ್ಷಿಣ್ಯವು ಗುಣವೋ ದೋಷವೋ ಎಂಬುದು ಹಳೆಯ ಪ್ರಶ್ನೆ. ಎದುರಿಗೆ ನಿಂತವನ ಮನಸ್ಸನ್ನು ನೋಯಿಸಲಾರದವನನ್ನು ಲೋಕವು ಸುಜನನೆಂದು ಹೊಗಳುತ್ತದೆ. ಆ ಸೌಜನ್ಯದಿಂದಲೇ ಅವನು ಸಾಲಗಾರನಾದರೆ ಅದೇ ಲೋಕವು ಅವನನ್ನು ಅವಿವೇಕಿಯೆಂದು ಹಳಿಯುತ್ತದೆ. ದಾಕ್ಷಿಣ್ಯಪರರನ್ನು ಕುರಿತ ಕನ್ನಡದ ಗಾದೆಗಳು ತುಸು ಒರಟಾಗಿರುವುದಕ್ಕೂ ಕಾರಣ ಇದೇ. ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ಈ ಪ್ರಶ್ನೆಯು ಅಷ್ಟಾಗಿ ಬಾಧಿಸುವುದಿಲ್ಲ. ಬಳೆಗಾರನು ಎಷ್ಟು ಕೂಗಿ ಕರೆದರೂ ಅವನು ವ್ಯಾಪಾರಿಯೆಂಬುದು ಎಲ್ಲರಿಗೂ ಗೊತ್ತು. ಬೇಡದವನು ನಾಲ್ಕು ಹೆಜ್ಜೆ ಮುಂದಕ್ಕೆ ನಡೆದರೆ ಅಲ್ಲಿಗೆ ಮುಗಿಯಿತು. ಕರೆದು ಉಪಚರಿಸುವ ಮನೆಯೊಡೆಯನೂ ಸರಕನ್ನು ಮುಂದೊಡ್ಡುವ ವರ್ತಕನೂ ಒಬ್ಬನೇ ಆಗಿ, ಎದ್ದುಹೋಗುವುದಕ್ಕೆ ದಾರಿಯೂ ಇಲ್ಲದ ಎಡೆಯಲ್ಲಿ ಮಾತ್ರ ಅದು ತೀಕ್ಷ್ಣವಾಗುತ್ತದೆ. ಅಂಥ ಎಡೆಯೊಂದು ಈ ಕಾಲದಲ್ಲಿ ಸಮುದ್ರದ ಮೇಲೆ ತೇಲುತ್ತಿದೆ. ಅದೇ ವಿಹಾರನೌಕೆ, ಜನರು ಕ್ರೂಸ್ ಎಂದು ಕರೆಯುವ ಹಡಗು.

ವಿಹಾರಕ್ಕೆಂದೇ ಹಡಗು ಹತ್ತುವ ಪದ್ಧತಿಯು ಬಹಳ ಪುರಾತನವಾದುದಲ್ಲ. ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವ ಪ್ರಯಾಣಿಕರು ಕಡಮೆಯಾಗುವುದನ್ನು ಕಂಡು, ಜರ್ಮನಿಯ ಆಲ್ಬರ್ಟ್ ಬಾಲೀನ್ ಎಂಬಾತನು ೧೮೯೧ನೆಯ ಇಸವಿಯ ಜನವರಿಯಲ್ಲಿ ‘ಆಗುಸ್ಟಾ ವಿಕ್ಟೋರಿಯಾ’ ಎಂಬ ಹಡಗನ್ನು ಮೆಡಿಟರೇನಿಯನ್ ಸಮುದ್ರಕ್ಕೆ ವಿಹಾರಾರ್ಥವಾಗಿ ಕಳುಹಿಸಿದನು. ಈ ಬಗೆಯ ಯಾತ್ರೆಗೆ ಅದನ್ನೇ ಮೊದಲೆಂದು ಸಾಮಾನ್ಯವಾಗಿ ಎಣಿಸುವರು. ಇಂದಿನ ನೌಕೆಯಾದರೋ ಒಂದು ಪಟ್ಟಣವೇ ಸರಿ. ೨೦೨೪ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾತ್ರೆಗೆ ಹೊರಟ ‘ಐಕಾನ್ ಆಫ್ ದಿ ಸೀಸ್’ ಎಂಬ ಹಡಗಿನಲ್ಲಿ ೭,೬೦೦ ಪ್ರಯಾಣಿಕರವರೆಗೆ ಸ್ಥಳವುಂಟು. ಪಟ್ಟಣವೆಂದ ಮೇಲೆ ಪೇಟೆಯೂ ಇರಬೇಕಷ್ಟೆ. ಜಗತ್ತಿನ ಅತಿ ದೊಡ್ಡ ವಿಹಾರನೌಕಾ ಸಂಸ್ಥೆಯಾದ ಕಾರ್ನಿವಲ್ ಕಂಪೆನಿಗೆ ೨೦೨೩ರಲ್ಲಿ ಬಂದ ವರಮಾನ ಸುಮಾರು ೨,೧೬೦ ಕೋಟಿ ಡಾಲರು; ಅದರಲ್ಲಿ ಸುಮಾರು ೭೫೦ ಕೋಟಿ, ಅಂದರೆ ಮೂರರಲ್ಲಿ ಒಂದು ಪಾಲಿಗೂ ಮಿಗಿಲಾದುದು, ಟಿಕೀಟಿನಿಂದಲ್ಲದೆ ಹಡಗಿನ ಮೇಲಿನ ಮಾರಾಟವೇ ಮೊದಲಾದ ಬಾಬುಗಳಿಂದ ಬಂದುದು. ಈ ವ್ಯವಹಾರದ ಸಾಮಾನ್ಯ ರೀತಿಯೇ ಹೀಗೆ. ಹಡಗು ಹತ್ತಿದವನು ಹಣ ಕೊಟ್ಟು ಮುಗಿಸಿದೆನೆಂದು ಭಾವಿಸಿರುತ್ತಾನೆ. ಹಡಗಿನವರು ಹಣ ಪಡೆಯುವುದನ್ನು ಅಲ್ಲಿಂದ ಆರಂಭಿಸುತ್ತಾರೆ.

ಆ ಪೇಟೆಯ ವಿಧಾನಗಳು ಹಲವು. ಪ್ರಯಾಣಿಕನ ಕೈಗೆ ಒಂದು ಕಾರ್ಡನ್ನು ಕೊಡುತ್ತಾರೆ. ಕೋಣೆಯ ಬೀಗದ ಕೈಯೂ ಅದೇ, ಹಣದ ಚೀಲವೂ ಅದೇ. ನೋಟನ್ನು ಎಣಿಸಿ ಕೊಡುವಾಗ ಆಗುವ ನೋವು ಕಾರ್ಡನ್ನು ತೋರಿಸುವಾಗ ಆಗುವುದಿಲ್ಲ. ಮೆಟ್ಟಿಲಿನ ಬಳಿ ಕೇಳದೆಯೇ ಭಾವಚಿತ್ರವನ್ನು ತೆಗೆದು, ಸಂಜೆಗೆ ಗೋಡೆಯ ಮೇಲೆ ತೂಗುಹಾಕುವರು. ಒಂದೇ ಕೋಣೆಯ ವಯಸ್ಕರಲ್ಲಿ ಒಬ್ಬನು ಪಾನೀಯಗಳ ಪ್ಯಾಕೇಜನ್ನು ಕೊಂಡರೆ ಉಳಿದವರೂ ಕೊಳ್ಳಬೇಕೆಂಬ ನಿಯಮವು ಕೆಲವು ಸಂಸ್ಥೆಗಳಲ್ಲಿದೆ. ಚಿತ್ರಪಟಗಳ ಹರಾಜಿಗೆ ಬಂದವರಿಗೆ ಷಾಂಪೇನನ್ನು ಬಿಟ್ಟಿಯಾಗಿ ಹಂಚುವರು. ಬಂದರು ಸಮೀಪಿಸುತ್ತಲೇ, ಇಳಿದ ಮೇಲೆ ಯಾವ ಅಂಗಡಿಯಲ್ಲಿ ಒಡವೆ ಕೊಳ್ಳಬೇಕೆಂದು ಉಪನ್ಯಾಸ ಮಾಡುವವರುಂಟು. ಹಾಗೆ ಹೊಗಳಿಸಿಕೊಳ್ಳುವುದಕ್ಕಾಗಿ ಅಂಗಡಿಯವರು ಹಣ ತೆತ್ತಿರುವರೆಂಬುದು ಕೇಳುವವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಅಮೆರಿಕದ ಅಲಾಸ್ಕಾ ಪ್ರಾಂತದ ಮತದಾರರು ೨೦೦೬ರಲ್ಲಿ ಅಂಗೀಕರಿಸಿದ ಶಾಸನದಲ್ಲಿ, ಇಂಥ ಹಣದ ಸಂಬಂಧವನ್ನು ಪ್ರಯಾಣಿಕರಿಗೆ ತಿಳಿಯಪಡಿಸಬೇಕೆಂಬ ವಿಧಿಯನ್ನು ಸೇರಿಸಬೇಕಾಗಿ ಬಂದಿತು.

ದೃಷ್ಟಾಂತಕ್ಕಾಗಿ ಮಲೆನಾಡಿನ ಒಂದು ಊರಿನ ವೃದ್ಧ ದಂಪತಿಗಳನ್ನು ಭಾವಿಸಬಹುದು. ಅಮೆರಿಕದಲ್ಲಿರುವ ಮಗಳು ಅವರನ್ನು ಫ್ಲಾರಿಡಾದಿಂದ ಏಳು ರಾತ್ರಿಗಳ ಕೆರೀಬಿಯನ್ ಯಾತ್ರೆಗೆ ಕಳುಹಿಸಿದ್ದಾಳೆ. ಮಂಡಿನೋವಿನ ತಾಯಿಗೆಂದು ಸ್ಪಾದಲ್ಲಿ ಮೈ ನೀವಿಸಿಕೊಳ್ಳುವ ಉಪಚಾರಕ್ಕೂ ಮುಂಚಿತವಾಗಿ ಹಣ ಕಟ್ಟಿದ್ದಾಳೆ. ಅಲ್ಲಿಯ ತರುಣಿಯು ಮುಕ್ಕಾಲು ಗಂಟೆ ಕಾಲನ್ನು ತಿಕ್ಕಿ ನೋವನ್ನು ಇಳಿಸಿದಳು. ಮುದುಕಿಯು ಕೃತಜ್ಞತೆಯಿಂದ ಕಣ್ಣು ತೆರೆಯುವ ಹೊತ್ತಿಗೆ ಸರಿಯಾಗಿ ಆ ತರುಣಿಯು ವೈದ್ಯನಂತೆ ಒಂದು ಚೀಟಿಯನ್ನು ಬರೆದು ಮುಂದಿಟ್ಟಳು. ಎರಡು ಡಬ್ಬಿ ಲೇಪನ. ಬೆಲೆ ೧೮೦ ಡಾಲರು, ರೂಪಾಯಿಯ ಲೆಕ್ಕದಲ್ಲಿ ೧೫,೦೦೦ಕ್ಕೆ ಮೇಲ್ಪಟ್ಟುದು. ಇದನ್ನು ಹಚ್ಚದಿದ್ದರೆ ನೋವು ಮರುಕಳಿಸುವುದೆಂದೂ ಹೇಳಿದಳು. ‘ನಾಳೆ ಬರುತ್ತೇನೆ’ ಎಂದು ಈಕೆಯು ಹೊರಟುಬಂದಳು. ಬರುವ ಮನಸ್ಸು ಇರಲಿಲ್ಲ. ಮುಂದೆ ಎರಡು ದಿನ ಆ ಓಣಿಯನ್ನೇ ಬಿಟ್ಟು ಸುತ್ತಿಕೊಂಡು ಊಟಕ್ಕೆ ಹೋದಳು. ಮೂರನೆಯ ದಿನ ಲಿಫ್ಟಿನ ಬಾಗಿಲಲ್ಲಿ ತರುಣಿಯು ನಗುತ್ತ ಎದುರಾದಳು. ಡಬ್ಬಿಗಳು ಕೋಣೆಗೆ ಬಂದುವು.

‘ಬೇಡವೆಂದು ಒಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೆ?’ ಎಂದು ಗಂಡನು ಗದರಿಸಿದನು.

‘ನೀವಾದರೆ ಹೇಳಿಬಿಡುತ್ತಿದ್ದಿರಿ. ಕಾಲು ಹಿಡಿದು ನೋವು ತೆಗೆದವಳ ಮುಖ ನೋಡಿಕೊಂಡು ನನಗೆ ಹೇಳಲಾಗಲಿಲ್ಲ. ಅವಳೂ ಯಾರ ಮನೆಯ ಮಗಳೋ ಏನೋ’ ಎಂದು ಆಕೆ ಉತ್ತರವಿತ್ತಳು.

ಇಲ್ಲಿ ವಿಚಾರಿಸತಕ್ಕುದು ಇಷ್ಟು: ಈ ವ್ಯವಹಾರದಲ್ಲಿ ತಪ್ಪು ಯಾರದು? ಇನ್ನೊಂದು ಸಲ ಆಕೆಯು ಹೇಗೆ ನಡೆದುಕೊಳ್ಳತಕ್ಕದ್ದು?

ಮಾರುವವರ ಪಕ್ಷವನ್ನು ಮೊದಲು ಕೇಳುವುದು ನ್ಯಾಯ. ಆ ಪಕ್ಷದವರು ಮೂರು ಮಾತುಗಳನ್ನು ಹೇಳಬಹುದು. ಯಾರನ್ನೂ ಕೈಹಿಡಿದು ಬಲಾತ್ಕರಿಸಿಲ್ಲ ಎಂಬುದು ಒಂದು. ಹೀಗೆ ಮಾರುವುದರಿಂದಲೇ ಟಿಕೀಟಿನ ಬೆಲೆ ಅಗ್ಗವಾಗಿ, ಸಾಮಾನ್ಯರೂ ಸಮುದ್ರವನ್ನು ಕಾಣುವಂತಾಗಿದೆ ಎಂಬುದು ಎರಡು. ಮಾರುವವರೂ ಬಡವರ ಮಕ್ಕಳು, ಅವರ ಹೊಟ್ಟೆಪಾಡು ನಡೆಯಬೇಕು ಎಂಬುದು ಮೂರು. ಇವುಗಳಲ್ಲಿ ಯಾವುದೂ ಸುಮ್ಮನೆ ತಳ್ಳಿಬಿಡತಕ್ಕ ಮಾತಲ್ಲ.

ಮೊದಲನೆಯದಕ್ಕೆ ಉತ್ತರ. ಬಲಾತ್ಕಾರವು ಕೈಯಿಂದಲೇ ಆಗಬೇಕೆಂಬ ನಿಯಮವಿಲ್ಲ, ಉಪಕಾರದಿಂದಲೂ ಆಗಬಹುದು. ೧೯೭೧ರಲ್ಲಿ ಡೆನಿಸ್ ರೀಗನ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸ್ಪಷ್ಟಪಡಿಸುತ್ತದೆ. ಕೇಳದೆಯೇ ಒಂದು ಸೀಸೆ ಪಾನಕವನ್ನು ತಂದುಕೊಟ್ಟವನು, ಆಮೇಲೆ ತನ್ನಿಂದ ಲಾಟರಿ ಚೀಟಿಗಳನ್ನು ಕೊಳ್ಳಿರೆಂದಾಗ, ಪಾನಕ ಪಡೆದವರು ಪಡೆಯದವರಿಗಿಂತ ಹೆಚ್ಚು ಚೀಟಿಗಳನ್ನು ಕೊಂಡರು. ಕೊಟ್ಟವನ ಮೇಲಿನ ಪ್ರೀತಿಗಿಂತ, ಪಡೆದೆನೆಂಬ ಭಾರವೇ ಅಲ್ಲಿ ಹೆಚ್ಚು ಕೆಲಸ ಮಾಡಿತು. ಹರಾಜಿನ ಷಾಂಪೇನು ಈ ಜಾತಿಗೆ ಸೇರಿದುದು. ಪ್ರತ್ಯುಪಕಾರವನ್ನು ಬಯಸಿ ಕೊಟ್ಟ ದಾನವನ್ನು ಗೀತೆಯ ಹದಿನೇಳನೆಯ ಅಧ್ಯಾಯವು ರಾಜಸವೆಂದು ಕೆಳಗಿನ ಮೆಟ್ಟಿಲಿನಲ್ಲಿಡುತ್ತದೆ. ಇಲ್ಲಿಯದಾದರೋ ಅಷ್ಟೂ ಅಲ್ಲ. ಪ್ರತಿಫಲವನ್ನು ಮೊದಲೇ ಲೆಕ್ಕ ಹಾಕಿ ಕೊಟ್ಟುದು ದಾನವಲ್ಲ, ಗಾಳದ ತುದಿಯ ಎರೆ. ದಾನವಲ್ಲದುದರಿಂದ ಋಣವು ಹುಟ್ಟುವುದಿಲ್ಲ. ಮೈ ನೀವಿದ ಉಪಚಾರಕ್ಕಂತೂ ಮಗಳು ಮೊದಲೇ ಹಣ ಕಟ್ಟಿದ್ದಳು. ಆ ಋಣವು ಆಗಲೇ ತೀರಿತ್ತು. ಉಳಿದುದು ಕೃತಜ್ಞತೆ. ಅದನ್ನು ಮಾತಿನಿಂದಲೂ ಭಕ್ಷೀಸಿನಿಂದಲೂ ಸಲ್ಲಿಸಬಹುದಾಗಿತ್ತು.

ಮನುವು ವಾಣಿಜ್ಯಕ್ಕೆ ‘ಸತ್ಯಾನೃತ’ವೆಂದು ಹೆಸರಿಟ್ಟನು; ಅದರಲ್ಲಿ ನಿಜವೂ ಸುಳ್ಳೂ ಬೆರೆತಿರುವುವೆಂದು ಅವನ ಅಭಿಪ್ರಾಯ. ಹಾಗೆಂದು ಅದನ್ನು ನಿಷೇಧಿಸಲಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿಯೆಂಬ ತಪಸ್ವಿಗೆ ಧರ್ಮವನ್ನು ಬೋಧಿಸಿದವನು ಕಾಶಿಯ ವರ್ತಕನಾದ ತುಲಾಧಾರ. ಅವನ ತಕ್ಕಡಿಯು ಎಲ್ಲರಿಗೂ ಸಮವಾಗಿತ್ತು. ಆದುದರಿಂದ ವ್ಯಾಪಾರವು ಸ್ವತಃ ಹೀನವಲ್ಲ. ಆದರೆ ಪೇಟೆಗೆ ಕಾವಲು ಬೇಕೆಂಬುದನ್ನು ಹಿರಿಯರು ಬಲ್ಲರು. ಕೌಟಿಲ್ಯನ ಅರ್ಥಶಾಸ್ತ್ರವು ಸಂಸ್ಥಾಧ್ಯಕ್ಷನೆಂಬ ಅಧಿಕಾರಿಯನ್ನು ಪೇಟೆಯ ಮೇಲಿಟ್ಟು, ಸ್ವದೇಶದ ಸರಕಿಗೆ ನೂರಕ್ಕೆ ೫, ಪರದೇಶದ ಸರಕಿಗೆ ನೂರಕ್ಕೆ ೧೦ ಎಂದು ಲಾಭದ ಮಿತಿಯನ್ನು ಕಟ್ಟುತ್ತದೆ. ಹಡಗಿನ ಪೇಟೆಗೆ ಅಂಥ ಕಾವಲುಗಾರನು ಕೈಗೆ ಸಿಕ್ಕುವುದು ಕಷ್ಟ. ದೊಡ್ಡ ನೌಕೆಗಳಲ್ಲಿ ಅನೇಕವು ಬಹಾಮಾಸ್, ಪನಾಮ ಮೊದಲಾದ ದೇಶಗಳ ಧ್ವಜವನ್ನು ಹಾರಿಸುವುವು; ನಡುಗಡಲಿನಲ್ಲಿ ಮುಖ್ಯವಾಗಿ ನಡೆಯತಕ್ಕದ್ದು ಧ್ವಜದ ದೇಶದ ಕಾನೂನು. ಡಬ್ಬಿ ಕೊಂಡ ಮುದುಕಿಯು ಪನಾಮಕ್ಕೆ ಹೋಗಿ ದೂರು ಕೊಡುವಳೆ?

ಎರಡನೆಯ ಮಾತೇ ಎಲ್ಲಕ್ಕಿಂತ ಗಹನವಾದುದು. ಟಿಕೀಟು ಅಗ್ಗವಾಗುವುದು ಹಲವರು ಒಳಗೆ ಕೊಳ್ಳುವುದರಿಂದ ಎಂಬುದು ನಿಜವೇ. ಆದರೆ ಕೊಳ್ಳುವವರು ಯಾರು? ಬೇಕಾಗಿ ಕೊಂಡವರ ಮಾತು ಬೇರೆ, ಅದರಲ್ಲಿ ದೋಷವಿಲ್ಲ. ಬೇಡವಾದರೂ ಬೇಡವೆನ್ನಲಾರದೆ ಕೊಂಡವರೂ ಇರುವರಷ್ಟೆ. ಅವರು ಹೆಚ್ಚು ಹಣವಂತರೆಂದು ಹೆಚ್ಚು ತೆರಲಿಲ್ಲ, ಹೆಚ್ಚು ಸುಖ ಪಟ್ಟರೆಂದೂ ತೆರಲಿಲ್ಲ. ಮೃದುವಾದ ಮನಸ್ಸಿದ್ದುದರಿಂದ ತೆತ್ತರು. ಹೀಗಾಗಿ ಅದು ದಾಕ್ಷಿಣ್ಯದ ಮೇಲೆ ಹಾಕಿದ ಸುಂಕ. ಗಟ್ಟಿ ಮನಸ್ಸಿನವನು ಆ ಸುಂಕದ ಕಟ್ಟೆಯನ್ನು ನಕ್ಕು ದಾಟುತ್ತಾನೆ. ಅವನ ಅಗ್ಗದ ಪ್ರಯಾಣದಲ್ಲಿ ಒಂದಂಶವನ್ನು ಮೃದುಮನಸ್ಸಿನವರು ಹೊತ್ತಿರುತ್ತಾರೆ. ಹೆಂಡತಿಯನ್ನು ಗದರಿಸಿದ ಗಂಡನು ಇದನ್ನು ಯೋಚಿಸಿದ್ದರೆ ಸ್ವಲ್ಪ ಮೆತ್ತಗಾಗುತ್ತಿದ್ದನೇನೋ. ಯಾವ ವ್ಯವಸ್ಥೆಯಲ್ಲಿ ಸದ್ಗುಣಕ್ಕೆ ದಂಡವೂ ಒರಟುತನಕ್ಕೆ ಸೋಡಿಯೂ ದೊರೆಯುತ್ತವೆಯೋ ಅದು ಜನರನ್ನು ಕ್ರಮೇಣ ಒರಟರನ್ನಾಗಿ ಮಾಡುತ್ತದೆ. ಪ್ರತಿ ನಗೆಯ ಹಿಂದೆಯೂ ಬೆಲೆಪಟ್ಟಿಯನ್ನು ಹುಡುಕುವುದನ್ನು ಕಲಿತವನು, ನಿಜವಾಗಿ ಪ್ರೀತಿಯಿಂದ ನೀರು ಕೊಟ್ಟವನನ್ನೂ ಸಂಶಯದಿಂದಲೇ ನೋಡಿಯಾನು. ೧೮೦ ಡಾಲರಿಗಿಂತ ಇದು ದೊಡ್ಡ ನಷ್ಟ.

ಮೂರನೆಯದು ಹೊಟ್ಟೆಪಾಡಿನ ಮಾತು. ಅದು ಸುಳ್ಳಲ್ಲ. ಈ ನೌಕೆಗಳಲ್ಲಿ ದುಡಿಯುವವರಲ್ಲಿ ಬಹುಮಂದಿ ಫಿಲಿಪೈನ್ಸ್, ಇಂಡೊನೇಶಿಯ, ಭಾರತ ಮೊದಲಾದ ದೇಶಗಳವರು. ಗೋವೆಯಿಂದಲೂ ಮಂಗಳೂರು ಉಡುಪಿಗಳ ಕಡೆಯಿಂದಲೂ ಹೋದ ತರುಣರಿದ್ದಾರೆ. ತಿಂಗಳುಗಟ್ಟಲೆ ಮನೆಯನ್ನು ಕಾಣದೆ ದುಡಿಯುವ ಇವರಲ್ಲಿ ಮಾರಾಟದ ಕೆಲಸದವರಿಗೆ ಮಾರಿದುದರ ಮೇಲಿನ ಕಮಿಷನ್ನೇ ಅನೇಕ ವೇಳೆ ಆಧಾರ. ‘ಯಾರ ಮನೆಯ ಮಗಳೋ’ ಎಂಬ ಮುದುಕಿಯ ಮಾತು ಆದುದರಿಂದ ಸರಿಯಾದುದೇ. ಆದರೆ ಆ ಮರುಕವನ್ನೇ ಸರಕು ಮಾಡಿಕೊಳ್ಳುವುದು ಅಧರ್ಮ. ಐರೋಪ್ಯ ಒಕ್ಕೂಟವು ೨೦೦೫ರಲ್ಲಿ ಹೊರಡಿಸಿದ ವಾಣಿಜ್ಯ ನಿರ್ದೇಶವು ಸರ್ವಥಾ ಕೂಡದ ಕ್ರಮಗಳ ಪಟ್ಟಿಯಲ್ಲಿ ಎರಡನ್ನು ಹೇಳುತ್ತದೆ: ಒಪ್ಪಂದವಾಗುವವರೆಗೆ ಗಿರಾಕಿಯು ಸ್ಥಳವನ್ನು ಬಿಡಲಾರನೆಂಬ ಭಾವನೆಯನ್ನು ಹುಟ್ಟಿಸುವುದು ಒಂದು, ಕೊಳ್ಳದಿದ್ದರೆ ತನ್ನ ಕೆಲಸವೋ ಜೀವನವೋ ಹೋಗುವುದೆಂದು ಗಿರಾಕಿಗೆ ಬಾಯಿಬಿಟ್ಟು ಹೇಳುವುದು ಇನ್ನೊಂದು. ಮರುಕದಿಂದ ಡಬ್ಬಿಯನ್ನು ಕೊಂಡರೆ ತರುಣಿಗೆ ಆ ದಿನಕ್ಕೆ ಸ್ವಲ್ಪ ದೊರೆತೀತು. ಆದರೆ ಈ ರೀತಿಯು ಫಲಿಸಿತೆಂಬ ಲೆಕ್ಕವೂ ಮೇಲಿನವರಿಗೆ ಮುಟ್ಟುತ್ತದೆ, ಮುಂದಿನ ಯಾತ್ರೆಯಲ್ಲಿ ಅವಳಿಂದ ಇನ್ನೂ ಹೆಚ್ಚು ಡಬ್ಬಿಗಳನ್ನು ನಿರೀಕ್ಷಿಸುವರು. ಮರುಕವಿದ್ದವನು ಅವಳ ಕೈಗೇ ನಾಲ್ಕು ಡಾಲರು ಕೊಡಲಿ. ಅವಳ ಕೆಲಸ ಚೆನ್ನಾಗಿತ್ತೆಂದು ಮೇಲಧಿಕಾರಿಗೆ ಒಂದು ಸಾಲು ಬರೆಯಲಿ.

ಹಾಗಾದರೆ ನಿರ್ಣಯವೇನು? ಮನುಷ್ಯನಿಗೆ ಸಲ್ಲತಕ್ಕ ಮರ್ಯಾದೆಯನ್ನೂ ಸರಕಿಗೆ ಸಲ್ಲತಕ್ಕ ಹಣವನ್ನೂ ಬೇರೆಬೇರೆಯಾಗಿ ಎಣಿಸಬೇಕು. ಮೊದಲನೆಯದನ್ನು ಯಾರಿಗೂ ಕಡಮೆ ಮಾಡಕೂಡದು. ಎರಡನೆಯದನ್ನು ಬೇಡದಿದ್ದರೆ ಕೊಡಬೇಕಾದುದಿಲ್ಲ. ಹಡಗು ಹತ್ತುವ ಮೊದಲೇ, ಮನಸ್ಸು ಸ್ವಸ್ಥವಾಗಿರುವಾಗ, ಇಷ್ಟು ಖರ್ಚು ಮಾಡುವೆನೆಂದು ಮೊತ್ತವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಮೈ ನೀವಿಸಿಕೊಳ್ಳಲು ಕುಳಿತೊಡನೆಯೇ, ಕೊನೆಗಲ್ಲ, ‘ಪದಾರ್ಥಗಳೇನೂ ಬೇಡ’ ಎಂದು ಹೇಳಿದರೆ ಇಬ್ಬರಿಗೂ ಹಗುರ. ದಿನದಿನದ ಲೆಕ್ಕವನ್ನು ಹಡಗಿನ ಕಚೇರಿಯಲ್ಲಿ ಕೇಳಿ ನೋಡಬಹುದು. ತಪ್ಪಾಗಿ ಬರೆದುದಿದ್ದರೆ ಇಳಿಯುವ ಮೊದಲೇ ತಿದ್ದಿಸಿಕೊಳ್ಳಬೇಕು.

ಆದರೆ ಇವೆಲ್ಲ ಉಪಾಯಗಳು. ಧರ್ಮದ ಅಂಶ ಒಂದೇ: ಬೇಡವೆಂಬ ಮಾತನ್ನು ನಿಜವಾಗಿ ಹೇಳತಕ್ಕದ್ದು. ‘ನಾಳೆ ಬರುತ್ತೇನೆ’, ‘ಯಜಮಾನರನ್ನು ಕೇಳಿ ಹೇಳುತ್ತೇನೆ’ ಎಂಬ ಮಾತುಗಳು ದಾಕ್ಷಿಣ್ಯದಂತೆ ಕಾಣುವುವು, ಅವು ಸುಳ್ಳುಗಳು. ಮಾರುವವನ ಸತ್ಯಾನೃತಕ್ಕೆ ಕೊಳ್ಳುವವನೂ ತನ್ನ ಅನೃತವನ್ನು ಸೇರಿಸಿದಂತಾಯಿತು. ಅದರಿಂದ ಮಾರುವವಳಿಗೂ ಹಿತವಿಲ್ಲ. ಬಾರದ ಗಿರಾಕಿಗಾಗಿ ಅವಳು ಕಾಯಬೇಕಾಗುತ್ತದೆ. ಸತ್ಯವನ್ನು ಪ್ರಿಯವಾಗಿ ಹೇಳಬೇಕೆಂದು ಹಿರಿಯರು ವಿಧಿಸಿದರೇ ಹೊರತು, ಪ್ರಿಯಕ್ಕಾಗಿ ಸತ್ಯವನ್ನು ಬಿಡಬೇಕೆಂದು ವಿಧಿಸಲಿಲ್ಲ. ‘ನಿನ್ನ ಕೈಯಿಂದ ನನ್ನ ನೋವು ಇಳಿಯಿತಮ್ಮ, ಒಳ್ಳೆಯದಾಗಲಿ, ಡಬ್ಬಿ ಮಾತ್ರ ನನಗೆ ಬೇಡ’ ಎಂದಿದ್ದರೆ ಆ ತರುಣಿಯ ಮುಖವು ಒಂದು ಕ್ಷಣ ಬಾಡುತ್ತಿತ್ತು, ಅಷ್ಟೆ. ಹಾಗೆ ಹೇಳದೆ ಹೋದುದರಿಂದ ಮುದುಕಿಯು ಹಣವನ್ನು ಕಳೆದುಕೊಂಡುದು ದೊಡ್ಡದಲ್ಲ. ಯಾರ ಕೈಗುಣವನ್ನು ಮನಸಾರೆ ಹರಸಬೇಕೆಂದಿದ್ದಳೋ ಅವಳಿಗೇ ಹೆದರಿ, ಎರಡು ದಿನ ಬೇರೆ ಓಣಿಯಲ್ಲಿ ಸುತ್ತಾಡಿದಳು.