ಎಂಟು ಅಂಗಡಿ, ಎಂಟು ತಿಂಗಳು

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಖೇತವಾಡಿ ದೂರವಿಲ್ಲ. ಅಲ್ಲಿನ ಹತ್ತನೇ ಗಲ್ಲಿಯ ಹಳೆಯ ಕಟ್ಟಡವೊಂದರಲ್ಲಿ, ಕಡಿದಾದ ಮೆಟ್ಟಿಲು ಹತ್ತಿ ಸೇರಬೇಕಾದ ಒಂದು ಅಟ್ಟ. ಗೋಡೆಯ ಮೇಲೆಲ್ಲ ಗುರುಗಳ ಪಟ, ಪಟಗಳಿಗೆ ಹೂಮಾಲೆ, ಊದುಬತ್ತಿಯ ಹೊಗೆ. ಜತೆಗೆ ಬೀಡಿಯ ಹೊಗೆಯೂ. 1970ರ ದಶಕದಲ್ಲಿ ಯುರೋಪು, ಅಮೆರಿಕಗಳಿಂದ ಬಂದವರು ಇಲ್ಲಿ ನೆಲದ ಮೇಲೆ ಒತ್ತೊತ್ತಾಗಿ ಕೂತು, ಮರಾಠಿಯ ಮಾತನ್ನು ದುಭಾಷಿಗಳ ಮೂಲಕ ಕೇಳುತ್ತಿದ್ದರು. ಮಾತಾಡುತ್ತಿದ್ದವರು ಬೀಡಿ ಅಂಗಡಿ ನಡೆಸಿ ನಾಲ್ಕು ಮಕ್ಕಳ ಸಂಸಾರ ತೂಗಿಸಿದ ಮಾರುತಿ ಶಿವರಾಮಪಂತ ಕಾಂಬ್ಳಿ. ಹೊರಗಿನವರಿಗೆ ಅವರು ನಿಸರ್ಗದತ್ತ ಮಹಾರಾಜ್.

ದೇವರನ್ನು ಹುಡುಕುವವನು ಮನೆ ಬಿಡಲೇಬೇಕೆ? ಈ ಹಳೆಯ ಪ್ರಶ್ನೆಗೆ ಬಿಡಬೇಕು ಎಂದವರೂ ಇದ್ದಾರೆ, ಬೇಡ ಎಂದವರೂ ಇದ್ದಾರೆ. ಮಹಾರಾಜರು ಎರಡನ್ನೂ ಮಾಡಿ ನೋಡಿದವರು.

1897ರ ಹನುಮ ಜಯಂತಿಯ ದಿನ ಹುಟ್ಟಿದ್ದರಿಂದ ಮಾರುತಿ ಎಂದು ಹೆಸರಾಯಿತು. ಬೆಳೆದದ್ದು ಮಾಲವಣದ ಬಳಿಯ ಕಾಂದಳಗಾಂವ್‌ನಲ್ಲಿ. 1915ರಲ್ಲಿ ತಂದೆ ತೀರಿಕೊಂಡರು. ಅಣ್ಣನ ಹಿಂದೆಯೇ ಮುಂಬಯಿಗೆ ಬಂದ ಹುಡುಗ ಮೊದಲು ಗುಮಾಸ್ತನಾದ, ಅದು ಒಗ್ಗದೆ ಬೀಡಿಯ ಸಣ್ಣ ಅಂಗಡಿ ತೆರೆದ. ವ್ಯಾಪಾರ ಕೈಹಿಡಿಯಿತು. ಒಂದು ಅಂಗಡಿ ಎಂಟಾಯಿತು. 1924ರಲ್ಲಿ ಸುಮತಿಬಾಯಿಯೊಡನೆ ಮದುವೆ. ಮೂವರು ಹೆಣ್ಣುಮಕ್ಕಳು, ಒಬ್ಬ ಮಗ.

1933ರಲ್ಲಿ ಗೆಳೆಯರೊಬ್ಬರು ಒತ್ತಾಯ ಮಾಡಿ ಸಿದ್ಧರಾಮೇಶ್ವರ ಮಹಾರಾಜರ ಬಳಿಗೆ ಕರೆದೊಯ್ದರು. ಕತೆ ಕನ್ನಡನಾಡಿಗೆ ತಿರುಗುವುದು ಇಲ್ಲಿ. ಸೊಲ್ಲಾಪುರ ಸೀಮೆಯ ಸಿದ್ಧರಾಮೇಶ್ವರರು ವಿಜಯಪುರದ ಮಾರವಾಡಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಗ, 1906ರಲ್ಲಿ, ಇಂಚಗೇರಿಯ ಭಾವೂಸಾಹೇಬ ಮಹಾರಾಜರಿಂದ ಉಪದೇಶ ಪಡೆದವರು. ಭಾವೂಸಾಹೇಬರು ಜತ್ತ ತಾಲೂಕಿನ ಉಮದಿಯವರು. ಅವರ ಗುರು ನಿಂಬರಗಿಯ ಮಹಾರಾಜರು ಲಿಂಗಾಯತ ಗೃಹಸ್ಥರು, ಕನ್ನಡದಲ್ಲೇ ಬೋಧಿಸಿದವರು. ಜಮಖಂಡಿಯ ಗುರುದೇವ ರಾನಡೆಯವರೂ ಭಾವೂಸಾಹೇಬರ ಶಿಷ್ಯರೇ. ಕನ್ನಡ, ಮರಾಠಿ ಎರಡೂ ಬೆರೆತ ಈ ಪರಂಪರೆಯಲ್ಲಿ ಕಾವಿ ತೊಟ್ಟವರಿಗಿಂತ ಲೆಕ್ಕದ ಪುಸ್ತಕ, ಪಾಠದ ಪುಸ್ತಕ ಹಿಡಿದವರ ಹೆಸರೇ ಮುಂದೆ ನಿಲ್ಲುತ್ತದೆ.

ಗುರು ಮಾರುತಿಗೆ ಹೇಳಿದ್ದು ಇಷ್ಟೇ: 'ನಾನಿದ್ದೇನೆ' ಎಂಬ ಅರಿವನ್ನು ಹಿಡಿದುಕೊ, ಬೇರೆಲ್ಲೂ ಮನಸ್ಸು ಹರಿಸಬೇಡ. 1936ರ ನವೆಂಬರಿನಲ್ಲಿ ಸಿದ್ಧರಾಮೇಶ್ವರರು ದೇಹ ಬಿಟ್ಟರು. ಮರುವರ್ಷ ಮಾರುತಿ ಎಲ್ಲ ಬಿಟ್ಟು ಹೊರಟೇಬಿಟ್ಟರು. ಹೆಂಡತಿ, ಮಕ್ಕಳು, ಎಂಟು ಅಂಗಡಿ, ಯಾವುದೂ ತಡೆಯಲಿಲ್ಲ. ಎಂಟು ತಿಂಗಳು ದೇಶ ಸುತ್ತಿದರು. ದಾರಿಯಲ್ಲಿ ಸಿಕ್ಕ ಗುರುಬಂಧುವೊಬ್ಬರು, ಸಂಸಾರದಲ್ಲಿದ್ದೇ ಅಂಟಿಕೊಳ್ಳದೆ ಬಾಳುವುದು ದೊಡ್ಡದು ಎಂದು ಮನವರಿಕೆ ಮಾಡಿಕೊಟ್ಟರಂತೆ. 1938ರಲ್ಲಿ ಮನೆಗೆ ಮರಳಿದಾಗ ಉಳಿದಿದ್ದದ್ದು ಒಂದೇ ಅಂಗಡಿ.

ಆ ಒಂದೇ ಅಂಗಡಿ ಸಾಕು ಎಂದುಕೊಂಡರು. ಕಳೆದ ಏಳನ್ನು ಮತ್ತೆ ಕಟ್ಟುವ ಹಟ ತೊಡಲಿಲ್ಲ. ಗಿರಾಕಿಗೆ ಬೀಡಿ ಕೊಡುವುದು, ಬಿಡುವಾದಾಗ ಬಂದವರೊಡನೆ ಬ್ರಹ್ಮವಿಚಾರ. ಹೀಗೆ ದಶಕಗಳು ನಡೆದವು. 1966ರಲ್ಲಿ ವ್ಯಾಪಾರವನ್ನು ಮಗನಿಗೆ ಒಪ್ಪಿಸಿದ ಮೇಲೂ ಅಟ್ಟದ ಮಾತುಕತೆ ನಿಲ್ಲಲಿಲ್ಲ.

ಇಲ್ಲಿ ಒಂದು ಸೋಜಿಗವಿದೆ. ಬಾಯಲ್ಲಿ ಕಟ್ಟಾ ಅದ್ವೈತ. ದೇವರು, ಜಗತ್ತು, ಮಾತಾಡುತ್ತಿರುವ ಈ ವ್ಯಕ್ತಿ ಯಾವುದೂ ಕೊನೆಗೆ ನಿಲ್ಲುವುದಿಲ್ಲ ಎನ್ನುವ ಖಂಡಿತವಾದ ಮಾತು. ಆದರೆ ದಿನಕ್ಕೆ ನಾಲ್ಕು ಬಾರಿ ತಾಳ ಹಿಡಿದು ಭಜನೆ, ಆರತಿ ತಪ್ಪುತ್ತಿರಲಿಲ್ಲ. ಗುರು ಮಾಡು ಎಂದಿದ್ದರು, ಬಿಡು ಎಂದು ಹೇಳಿರಲಿಲ್ಲ. ಅವರಿಗೆ ಅಷ್ಟೇ ಕಾರಣ ಸಾಕಾಗಿತ್ತು. ತರ್ಕಕ್ಕೆ ಇದು ಎಡಬಿಡಂಗಿಯಾಗಿ ಕಾಣಬಹುದು. ಮನೆ ನಡೆಸುವವರಿಗೆ ಹಾಗೆ ಕಾಣದು. ಅರ್ಥವಾದ ಕೆಲಸವನ್ನು ಮಾತ್ರ ಮಾಡುತ್ತೇನೆಂದರೆ ಯಾವ ಸಂಸಾರವೂ ಒಂದು ವಾರ ನಡೆಯುವುದಿಲ್ಲ.

ಈ ಮಾತುಗಳನ್ನು ಲೋಕಕ್ಕೆ ಮುಟ್ಟಿಸಿದವರು ಮಾರಿಸ್ ಫ್ರಿಡ್‌ಮನ್. ಪೋಲೆಂಡಿನ ಈ ಎಂಜಿನಿಯರ್ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಲು ಬಂದು, ಗಾಂಧಿ, ರಮಣರ ಸಹವಾಸ ಮಾಡಿ, ಕೊನೆಗೆ ಖೇತವಾಡಿಯ ಅಟ್ಟ ಹತ್ತಿದವರು. ಅವರು ಧ್ವನಿಮುದ್ರಿಸಿ ಇಂಗ್ಲಿಷಿಗೆ ತಂದ ಸಂಭಾಷಣೆಗಳು 1973ರಲ್ಲಿ 'ಐ ಆ್ಯಮ್ ದಟ್' ಎಂಬ ಪುಸ್ತಕವಾಗಿ ಹೊರಬಂದವು. ಆಮೇಲೆ ಮೆಟ್ಟಿಲ ಬಳಿ ಪರದೇಶದ ಚಪ್ಪಲಿಗಳ ಸಾಲು ಬೆಳೆಯಿತು. ಬಂದವರಿಗೆ ಮಹಾರಾಜರು ಮನೆ ಬಿಡಿ, ಕೆಲಸ ಬಿಡಿ ಎನ್ನಲಿಲ್ಲ. ಗಂಟಲಿನ ಕ್ಯಾನ್ಸರ್ ಬಂದ ಮೇಲೂ ಮಾತು ಬಿಡದೆ, 1981ರ ಸೆಪ್ಟೆಂಬರ್ 8ರಂದು ಅದೇ ಮನೆಯಲ್ಲಿ ತೀರಿಕೊಂಡರು.

ಇಷ್ಟೆಲ್ಲ ನೆನೆಯುವಾಗ ಒಂದು ಹೆಸರು ಹಿಂದೆ ಸರಿಯುತ್ತದೆ. ಮಹಾರಾಜರ ಪರಿಚಯ ಬರಹಗಳಲ್ಲಿ ಸುಮತಿಬಾಯಿಗೆ ಸಿಗುವುದು ಎರಡು ಸಾಲು: 1924ರ ಮದುವೆ, 1942-43ರ ಹೊತ್ತಿನ ಸಾವು. ನಡುವೆ ಎಂಟು ತಿಂಗಳು, ಅಂಗಡಿಗಳು ಒಂದೊಂದಾಗಿ ಕೈಬಿಡುತ್ತಿರುವಾಗ, ನಾಲ್ಕು ಮಕ್ಕಳೊಂದಿಗೆ ಮುಂಬಯಿಯಲ್ಲಿ ಉಳಿದವರು ಆಕೆ.

ಹನ್ನೆರಡನೆಯ ಶತಮಾನದ ಕಲ್ಯಾಣ ಈ ವಿಷಯದಲ್ಲಿ ಹೆಚ್ಚು ನ್ಯಾಯವಾಗಿತ್ತು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿದ್ದಿದವಳು ಹೆಂಡತಿ ಲಕ್ಕಮ್ಮ. ಅವಳ ವಚನಗಳು ಉಳಿದಿವೆ. ಆದ್ದರಿಂದ ಮಾರಯ್ಯನ ಭಕ್ತಿಯ ಅಳತೆಯೂ ನಮಗೆ ಸಿಗುತ್ತದೆ. ಗೃಹಸ್ಥನ ಭಕ್ತಿ ದೊಡ್ಡದೆಂದು ಒಪ್ಪಿದ ಮೇಲೆ ಆ ಗೃಹದ ಮಾತನ್ನೂ ಕೇಳಬೇಕಾಗುತ್ತದೆ.

ಮಹಾರಾಜರ ದೊಡ್ಡತನ ಇದರಿಂದ ಕುಗ್ಗುವುದಿಲ್ಲ. ಹೊರಟವರು ತಿರುಗಿ ಬಂದರು, ಉಳಿದ ಅಂಗಡಿಯಲ್ಲಿ ಕೂತು ದುಡಿದರು. ಮನೆ ಬಿಟ್ಟ ಅನೇಕರು ಮಾಡದ ಕೆಲಸ ಅದು. ಇಂಚಗೇರಿ ಪರಂಪರೆಯ ಚರಿತ್ರೆ ಬರೆಯುವವರು, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ, ಮುಂದಿನ ಪುಸ್ತಕದಲ್ಲಿ ಸುಮತಿಬಾಯಿಗೆ ಎರಡು ಸಾಲಿನ ಬದಲು ಒಂದು ಅಧ್ಯಾಯ ಕೊಡಲಿ.